ಅದೃಷ್ಟ ಯಾವಾಗ ಬರುತ್ತದೆ? ನಾಲ್ಕು ಡಿಜಿಟಲ್ ಕಾರ್ಡ್ ಆಟಗಳನ್ನು ಆಡಿ ನೋಡಿದ ಹೋಲಿಕೆ

ಕಾರ್ಡ್ ಆಟದಲ್ಲಿ ಸೋತವರು "ಎಲೆನೇ ಬೀಳಲಿಲ್ಲ" ಅನ್ನುತ್ತಾರೆ. ಗೆದ್ದವರು "ಆಡೋಕೆ ಬರಬೇಕು ಕಣಯ್ಯ" ಅನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯ ಇದೆ. ಆದರೆ ಎಷ್ಟೆಷ್ಟು?

ನಮ್ಮಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತಿಳಿದಿರಬೇಕು. ಆದ್ದರಿಂದ ಅದು ಮುಖ್ಯವಾಗಿ ಜಾಣ್ಮೆಯ ಆಟ, ಮೂರೆಲೆ ಆಟದಂತೆ ಬರೀ ಅದೃಷ್ಟದ್ದಲ್ಲ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ ಜಾಣ್ಮೆಯೋ ಅದೃಷ್ಟವೋ ಅಂತ ನೋಡಲೇ ಇಲ್ಲ. ದುಡ್ಡು ಪಣಕ್ಕಿಟ್ಟರೆ ನಿಷೇಧ, ಅಷ್ಟೇ. ನಾನು ಇಲ್ಲಿ ಹೋಲಿಸುವ ನಾಲ್ಕು ಆಟಗಳಲ್ಲೂ ಪಣಕ್ಕೆ ದುಡ್ಡಿಲ್ಲ. ಹಾಗಾಗಿ ಮನಸ್ಸಿಟ್ಟು ಆಟವನ್ನೇ ನೋಡಬಹುದು.

ಆ ನಾಲ್ಕು ಇವು: ಹಾರ್ತ್‌ಸ್ಟೋನ್, ಮ್ಯಾಜಿಕ್ ಅರೇನಾ, ಮಾರ್ವೆಲ್ ಸ್ನ್ಯಾಪ್, ಗ್ವೆಂಟ್. ನಾಲ್ಕನ್ನೂ ಒಂದೇ ಥರ ಪರೀಕ್ಷೆ ಮಾಡಿದೆ. ಪ್ರತಿ ಆಟದಲ್ಲೂ ಒಂದು ಡೆಕ್ (ಆಡೋಕೆ ಮೊದಲೇ ಆರಿಸಿ ಜೋಡಿಸಿಕೊಂಡ ಕಾರ್ಡುಗಳ ಕಟ್ಟು) ಹಿಡಿದು, ಅದನ್ನೇ ಬಿಡದೆ ಆಡಿದೆ. ಸೋತಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆದೆ: ಬೇರೆ ಥರ ಆಡಿದ್ದರೆ ಇದನ್ನು ಗೆಲ್ಲಬಹುದಿತ್ತಾ?

ಬರೆಯುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಆಟದಲ್ಲಿ ಅದೃಷ್ಟ ಎಷ್ಟಿದೆ ಅನ್ನೋದಕ್ಕಿಂತ ಅದು ಯಾವಾಗ ಬರುತ್ತದೆ ಅನ್ನೋದು ದೊಡ್ಡದು. ಬಿತ್ತನೆಗೆ ಮುಂಚೆ ಮಳೆ ಕೈಕೊಟ್ಟರೆ ರೈತ ಬೇರೆ ಬೆಳೆ ಇಡಬಹುದು. ಕೊಯ್ದು ಕಣದಲ್ಲಿ ಹರವಿದ ಮೇಲೆ ಸುರಿದರೆ ಏನು ಮಾಡೋಕಾಗುತ್ತೆ? ಕಾರ್ಡ್ ಆಟದಲ್ಲೂ ಹೀಗೆ ಎರಡು ಥರದ ಅದೃಷ್ಟ ಇದೆ. ಒಂದು, ನೀವು ಯೋಚನೆ ಮಾಡುವ ಮೊದಲು ಬರುವುದು: ಕೈಗೆ ಯಾವ ಕಾರ್ಡ್ ಬಂತು ಅನ್ನೋದು. ಇನ್ನೊಂದು, ಯೋಚನೆ ಮಾಡಿ ಕಾರ್ಡ್ ಹಾಕಿದ ಮೇಲೆ ಬರುವುದು: ಆ ಕಾರ್ಡ್ ಯಾರಿಗೆ ಹೊಡೆಯಿತು, ಏನು ಮಾಡಿತು ಅನ್ನೋದು.

ಹಾರ್ತ್‌ಸ್ಟೋನ್

2014ರಲ್ಲಿ ಬ್ಲಿಜಾರ್ಡ್ ತಂದ ಆಟ. 30 ಕಾರ್ಡಿನ ಡೆಕ್. ಕಾರ್ಡ್ ಹಾಕಲು ಬೇಕಾದ ಮಾನಾ ಪ್ರತಿ ಸರದಿಗೂ ಒಂದೊಂದು ಏರಿ ಹತ್ತಕ್ಕೆ ನಿಲ್ಲುತ್ತದೆ. ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ, ಏಣಿ ಎಲ್ಲರಿಗೂ ಒಂದೇ. ಮೊದಲು ಆಡುವವರಿಗೆ ಮೂರು ಕಾರ್ಡ್. ಎರಡನೆಯವರಿಗೆ ನಾಲ್ಕು, ಜೊತೆಗೆ ಒಂದು ಸರದಿಗೆ ಮಾನಾ ಒಂದು ಹೆಚ್ಚು ಕೊಡುವ ನಾಣ್ಯ. ಅಂದರೆ ಮೊದಲ ಥರದ ಅದೃಷ್ಟವನ್ನು ಸಾಕಷ್ಟು ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ.

ಎರಡನೆಯ ಥರದ್ದನ್ನು ಮಾತ್ರ ಪೂರ್ತಿ ಸಡಿಲ ಬಿಟ್ಟಿದ್ದಾರೆ. ಆರ್ಕೇನ್ ಮಿಸೈಲ್ಸ್ ಅಂತ ಒಂದು ಚಿಕ್ಕ ಕಾರ್ಡ್ ಇದೆ. ಮೂರು ಏಟು ಹೊಡೆಯುತ್ತದೆ. ಪ್ರತಿ ಏಟೂ ಎದುರಾಳಿಯ ಕಡೆ ಇರುವ ಯಾರಿಗೆ ಬೇಕಾದರೂ ಬೀಳಬಹುದು. ಈಗ ಎದುರಿಗೆ ಒಂದೊಂದೇ ಜೀವ ಉಳಿದ ಎರಡು ಸಣ್ಣ ಸೈನಿಕರು, ಜೊತೆಗೆ ಎದುರಾಳಿಯ ನಾಯಕ. ನನ್ನ ಕೈಯಲ್ಲಿ ಮಿಸೈಲ್ಸ್. ನೆಲದ ಮೇಲೆ ನನ್ನ ಸೈನಿಕನೂ ಒಬ್ಬ ಇದ್ದಾನೆ, ಅವನು ಒಬ್ಬರನ್ನು ಖಚಿತವಾಗಿ ಹೊಡೆಯಬಲ್ಲ. ಎರಡೂ ಸಾಯಬೇಕು. ಯಾವುದು ಮೊದಲು?

ಸೈನಿಕನಿಂದ ಮೊದಲು ಒಬ್ಬನನ್ನು ಹೊಡೆಸಿ ಆಮೇಲೆ ಮಿಸೈಲ್ಸ್ ಬಿಟ್ಟರೆ, ಉಳಿದವನು ಸಾಯುವ ಸಾಧ್ಯತೆ ಎಂಟರಲ್ಲಿ ಏಳು, ಅಂದರೆ ಶೇ. 87.5. ಮಿಸೈಲ್ಸ್ ಮೊದಲು ಬಿಟ್ಟು, ಯಾರು ಉಳಿದರು ಅಂತ ನೋಡಿ, ಅವನ ಮೇಲೆ ಸೈನಿಕನನ್ನು ಬಿಟ್ಟರೆ 27ರಲ್ಲಿ 26. ಶೇ. 96! ಅದೇ ಎರಡು ಕಾರ್ಡ್, ಅದೇ ಸ್ಥಿತಿ. ಹಿಂದುಮುಂದು ಮಾಡಿದ್ದಕ್ಕೆ ಇಷ್ಟು ವ್ಯತ್ಯಾಸ. ಅದೃಷ್ಟದ ಕೆಲಸ ಮೊದಲು, ಖಚಿತವಾದ ಕೆಲಸ ಆಮೇಲೆ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಸಾಕು, ಹಾರ್ತ್‌ಸ್ಟೋನ್‌ನಲ್ಲಿ ಮೇಲೇರೋದು ಎದ್ದು ಕಾಣುತ್ತದೆ. ಇದು ಬರೀ ಲಕ್ಕಿನ ಆಟ ಅನ್ನುವವರಿಗೆ ನಾನು ಯಾವಾಗಲೂ ಈ ಲೆಕ್ಕ ಹೇಳುತ್ತೇನೆ.

ಆದರೆ ಇದೇ ಆಟದಲ್ಲಿ ಯಾಗ್-ಸಾರಾನ್ ಕೂಡ ಇದ್ದಾನೆ. 2016ರಲ್ಲಿ ಬಂದ ಈ ಕಾರ್ಡ್, ನೀವು ಆ ಆಟದಲ್ಲಿ ಎಷ್ಟು ಮಂತ್ರದ (ಸ್ಪೆಲ್) ಕಾರ್ಡ್ ಹಾಕಿದ್ದಿರೋ ಅಷ್ಟು ಮಂತ್ರಗಳನ್ನು ತನಗೆ ತೋಚಿದ ಹಾಗೆ, ತೋಚಿದವರ ಮೇಲೆ ಹಾಕುತ್ತದೆ. ಇಪ್ಪತ್ತು ನಿಮಿಷ ಹಿಡಿತದಲ್ಲಿಟ್ಟುಕೊಂಡು ಬಂದ ಆಟ ಹತ್ತು ಸೆಕೆಂಡಿನಲ್ಲಿ ತಲೆಕೆಳಗಾಗಬಹುದು. ಟೂರ್ನಮೆಂಟ್ ಆಡುವವರಿಂದ ದೂರು ಹೆಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾರ್ಡಿನ ಬಲ ತಗ್ಗಿಸಿದರು. ಮಧ್ಯದಲ್ಲಿ ಯಾಗ್ ಸತ್ತರೆ ಮಂತ್ರಗಳೂ ಅಲ್ಲಿಗೇ ನಿಲ್ಲುವಂತೆ ಮಾಡಿದರು. ನೋಡೋಕೆ ಬಹಳ ಮಜಾ ಇರುವ ಕಾರ್ಡ್, ಒಪ್ಪುತ್ತೇನೆ. ಆದರೆ ಅದು ಬಂದ ಮೇಲೆ ಸೋತರೆ ನನ್ನ ಪ್ರಶ್ನೆಗೆ ಉತ್ತರವೇ ಇರೋದಿಲ್ಲ. ಹಾರ್ತ್‌ಸ್ಟೋನ್ ಪುಟಗಳಲ್ಲಿ "ಏನೂ ಮಾಡೋಕಾಗ್ತಿರಲಿಲ್ಲ" ಅನ್ನುವ ಸಾಲು ಜಾಸ್ತಿ ಇರಲು ಇಂಥ ಕಾರ್ಡುಗಳೇ ಕಾರಣ.

ಮ್ಯಾಜಿಕ್ ಅರೇನಾ

ಇಲ್ಲಿ ಕಥೆ ಉಲ್ಟಾ. ಹಾಕಿದ ಕಾರ್ಡ್ ಹೇಳಿದ ಕೆಲಸವನ್ನೇ ಮಾಡುತ್ತದೆ. ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಕಾಗದದ ಕಾರ್ಡುಗಳಲ್ಲಿ ತಂದ ಮ್ಯಾಜಿಕ್‌ನ ಡಿಜಿಟಲ್ ರೂಪ ಇದು, 2019ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ಅದೃಷ್ಟವೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಸೇರಿಕೊಂಡಿದೆ: ಲ್ಯಾಂಡ್ ಕಾರ್ಡುಗಳಲ್ಲಿ. ಮಾನಾ ತಾನಾಗಿ ಏರೋದಿಲ್ಲ, ಲ್ಯಾಂಡ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

60 ಕಾರ್ಡಿನ ಡೆಕ್‌ನಲ್ಲಿ 24 ಲ್ಯಾಂಡ್ ಹಾಕಿದ್ದೀರಿ ಅಂದುಕೊಳ್ಳಿ. ಮೊದಲ ಏಳು ಕಾರ್ಡಿನಲ್ಲಿ ಎರಡರಿಂದ ನಾಲ್ಕು ಲ್ಯಾಂಡ್ ಬರುವ ಸಾಧ್ಯತೆ ಶೇ. 77ರ ಮೇಲೆ. ಲ್ಯಾಂಡೇ ಇಲ್ಲ, ಅಥವಾ ಒಂದೇ ಇದೆ ಅನ್ನುವ ಕೈ ಏಳರಲ್ಲಿ ಒಂದು ಸಲ ಬರುತ್ತದೆ. ಇದು ಸಣ್ಣ ಸಂಖ್ಯೆ ಅಲ್ಲ. ಕೈ ಬೇಡ ಅಂತ ವಾಪಸ್ ಹಾಕಿ ಮತ್ತೆ ಏಳು ತೆಗೆಯಬಹುದು, ಆದರೆ ಅದರಲ್ಲಿ ಒಂದನ್ನು ಡೆಕ್ಕಿನ ಅಡಿಗೆ ಇಡಬೇಕು. ಎರಡು ಲ್ಯಾಂಡಿನ ಕೈ ಇಟ್ಟುಕೊಳ್ಳಬೇಕಾ, ಬಿಡಬೇಕಾ? ಈ ಒಂದು ತೀರ್ಮಾನದಲ್ಲೇ ಹೊಸಬರು, ಪಳಗಿದವರು ಯಾರು ಅಂತ ಗೊತ್ತಾಗಿಬಿಡುತ್ತದೆ.

ಅರೇನಾದಲ್ಲಿ ಒಂದೇ ಆಟದ ಪಂದ್ಯವೂ ಇದೆ, ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯವೂ ಇದೆ. ಒಂದೇ ಆಟದ ಪಂದ್ಯದಲ್ಲಿ ಸರ್ವರ್ ಹಿನ್ನೆಲೆಯಲ್ಲಿ ಒಂದಕ್ಕಿಂತ ಹೆಚ್ಚು ಕೈ ತೆಗೆದು, ಲ್ಯಾಂಡ್ ಲೆಕ್ಕ ಸರಿಯಾಗಿರುವ ಕೈಯತ್ತ ವಾಲುತ್ತದೆ. ಹಾಗಾಗಿ ಕೆಟ್ಟ ಕೈ ಕಡಿಮೆ. ಆದರೂ ನನಗೆ ಹಿಡಿಸಿದ್ದು ಮೂರು ಆಟದ ಪಂದ್ಯವೇ. ಮೊದಲ ಆಟ ಮುಗಿದ ಮೇಲೆ, ಪಕ್ಕದಲ್ಲಿಟ್ಟ 15 ಕಾರ್ಡುಗಳಿಂದ ಡೆಕ್ ತಿದ್ದಬಹುದು. ಎದುರಾಳಿ ಏನು ಆಡುತ್ತಾನೆ ಅಂತ ಆಗ ಗೊತ್ತಿರುತ್ತದಲ್ಲ, ಜಾಣ್ಮೆಗೆ ಅಲ್ಲಿ ದೊಡ್ಡ ಜಾಗ ಸಿಗುತ್ತದೆ.

ಇಷ್ಟಾದರೂ ಮೂರು ಆಟ ಆಡಿಬಿಟ್ಟರೆ ಅದೃಷ್ಟ ತೊಳೆದುಹೋಗುತ್ತದೆ ಅಂದುಕೊಳ್ಳಬೇಡಿ. ಒಂದೊಂದು ಆಟವನ್ನು ಶೇ. 60ರಷ್ಟು ಗೆಲ್ಲುವ ಒಳ್ಳೆ ಆಟಗಾರ ಮೂರರ ಪಂದ್ಯವನ್ನು ಗೆಲ್ಲೋದು ಶೇ. 65ರಷ್ಟು ಸಲ ಮಾತ್ರ. ಮೂರು ಪಂದ್ಯದಲ್ಲಿ ಒಂದನ್ನು ಅವನಿಗಿಂತ ಕಡಿಮೆ ಪಳಗಿದವನೂ ಹೊಡೆದುಕೊಂಡು ಹೋಗುತ್ತಾನೆ. ಒಂದು ಸಂಜೆ ಆಡಿ "ನನಗೆ ಬರಲ್ಲ" ಅಂತ ಬಿಟ್ಟುಬಿಡುವವರನ್ನು ಕಂಡಾಗ ಈ ಲೆಕ್ಕ ಹೇಳಿ ಕೂರಿಸಬೇಕು ಅನ್ನಿಸುತ್ತದೆ.

ಮಾರ್ವೆಲ್ ಸ್ನ್ಯಾಪ್

ಹಾರ್ತ್‌ಸ್ಟೋನ್ ತಂಡವನ್ನು ಮುನ್ನಡೆಸಿದ್ದ ಬೆನ್ ಬ್ರೋಡ್ ಹೊರಬಂದು ಗೆಳೆಯರ ಜೊತೆ ಕಟ್ಟಿದ ಆಟ, 2022ರ ಅಕ್ಟೋಬರ್‌ನಲ್ಲಿ ಬಂತು. 12 ಕಾರ್ಡ್, ಆರು ಸರದಿ, ಕಾರ್ಡ್ ಹಾಕೋಕೆ ಮೂರು ಜಾಗ. ಕಾಫಿ ಆರುವಷ್ಟರಲ್ಲಿ ಒಂದು ಆಟ ಮುಗಿಯುತ್ತದೆ.

ಒಂದೊಂದೇ ಆಟ ತೆಗೆದುಕೊಂಡರೆ ನಾಲ್ಕರಲ್ಲಿ ಅತಿ ಹೆಚ್ಚು ಅದೃಷ್ಟ ಇರೋದು ಇದರಲ್ಲೇ. ಮೂರು ಜಾಗಗಳೂ ಯಾವುವು ಅಂತ ಮೊದಲೇ ಗೊತ್ತಿರೋದಿಲ್ಲ, ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆರನೇ ಸರದಿಯ ಹೊತ್ತಿಗೆ ಸಾಮಾನ್ಯವಾಗಿ 12ರಲ್ಲಿ ಒಂಬತ್ತು ಕಾರ್ಡ್ ಕಂಡಿರುತ್ತೀರಿ. ನಿಮ್ಮ ಆಟವೆಲ್ಲ ಎರಡು ಕಾರ್ಡುಗಳ ಜೋಡಿ ಮೇಲೆ ನಿಂತಿದ್ದರೆ, ಎರಡೂ ಕೈಗೆ ಬಂದಿರುವ ಸಾಧ್ಯತೆ ಶೇ. 55ರ ಆಸುಪಾಸು. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೇನೇ.

ಹಾಗಿದ್ದೂ ಇದನ್ನು ನಾನು ಜಾಣ್ಮೆಯ ಆಟ ಅಂತಲೇ ಕರೆಯುತ್ತೇನೆ. ಕಾರಣ, ಇಲ್ಲಿ ಸೋಲಿಗೆ ಬೆಲೆ ಕಟ್ಟೋದು ನೀವೇ. ರಮ್ಮಿ ಆಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೈ ಚೆನ್ನಾಗಿಲ್ಲ ಅಂದರೆ ಮೊದಲೇ ಡ್ರಾಪ್ ಮಾಡಿ 20 ಪಾಯಿಂಟ್ ಕೊಟ್ಟು ಏಳುತ್ತೀರಿ, ಕೂತು 80ರ ಫುಲ್ ಕೌಂಟ್ ತಿನ್ನೋದಿಲ್ಲ. ಸ್ನ್ಯಾಪ್‌ನಲ್ಲಿ ಪಣ ಅಂದರೆ ಕ್ಯೂಬ್. ರ‍್ಯಾಂಕ್ ಏರೋದು, ಇಳಿಯೋದು ಅದರಿಂದಲೇ. ಒಂದು ಕ್ಯೂಬಿನಿಂದ ಆಟ ಶುರು. ಯಾರಾದರೂ ಸ್ನ್ಯಾಪ್ ಒತ್ತಿದರೆ ದುಪ್ಪಟ್ಟು, ಇಬ್ಬರೂ ಒತ್ತಿದರೆ ನಾಲ್ಕು ಪಟ್ಟು, ಕೊನೆಯ ಸರದಿ ಮುಗಿದರೆ ಇನ್ನೊಮ್ಮೆ ದುಪ್ಪಟ್ಟು. ಹೆಚ್ಚೆಂದರೆ ಎಂಟು. ಮಧ್ಯದಲ್ಲಿ ಸುಮ್ನೆ ಎದ್ದು ಹೋಗಬಹುದು.

ಹತ್ತು ಆಟದ ಲೆಕ್ಕ ಹಾಕಿ. ನಾಲ್ಕನ್ನು ನಾಲ್ಕು ನಾಲ್ಕು ಕ್ಯೂಬಿಗೆ ಗೆದ್ದಿರಿ, 16. ನಾಲ್ಕರಲ್ಲಿ ಒಂದು ಕ್ಯೂಬ್ ಕೊಟ್ಟು ಎದ್ದಿರಿ. ಎರಡರಲ್ಲಿ ಕೊನೆವರೆಗೆ ಕೂತು ನಾಲ್ಕು ನಾಲ್ಕು ಕಳೆದಿರಿ. ಹೋದದ್ದು 12. ಹತ್ತರಲ್ಲಿ ಆರು ಸೋತೂ ನಾಲ್ಕು ಕ್ಯೂಬ್ ಮೇಲಿದ್ದೀರಿ! ನನ್ನ ನೋಟ್‌ಬುಕ್ಕಿನ ಪ್ರಶ್ನೆಯನ್ನೇ ಈ ಆಟಕ್ಕಾಗಿ ಬದಲಾಯಿಸಬೇಕಾಯಿತು. "ಗೆಲ್ಲಬಹುದಿತ್ತಾ" ಅಂತ ಕೇಳುವ ಬದಲು "ಯಾವ ಸರದಿಯಲ್ಲಿ ಏಳಬೇಕಿತ್ತು" ಅಂತ ಕೇಳಿದಾಗ ಪ್ರತಿ ಸೋಲಿಗೂ ಉತ್ತರ ಸಿಕ್ಕಿತು.

ಇಲ್ಲೊಂದು ಮಾತು. ಮೇಜಿನ ಮೇಲಿನ ಅದೃಷ್ಟಕ್ಕಿಂತ ಪ್ಯಾಕೆಟ್ಟಿನ ಅದೃಷ್ಟ, ಅಂದರೆ ಹೊಸ ಕಾರ್ಡಿನ ಪ್ಯಾಕ್ ಒಡೆದಾಗ ಯಾವುದು ಸಿಗುತ್ತದೆ ಅನ್ನೋದು, ಜನರನ್ನು ಹೆಚ್ಚು ಕಾಡುತ್ತದೆ. ಬೇಕಾದ ಕಾರ್ಡೇ ನಿಮ್ಮ ಹತ್ತಿರ ಇಲ್ಲದಿದ್ದರೆ ಜಾಣ್ಮೆ ಇದ್ದೇನು? ಹಾರ್ತ್‌ಸ್ಟೋನ್‌ನಲ್ಲಿ ಒಂದು ಸೆಟ್ಟಿನ 40 ಪ್ಯಾಕ್ ಒಳಗೆ ಒಂದು ಲೆಜೆಂಡರಿ (ಅತಿ ಅಪರೂಪದ) ಕಾರ್ಡ್ ಖಂಡಿತ ಬರುತ್ತದೆ, ಯಾವುದು ಅನ್ನೋದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಅರೇನಾ ವೈಲ್ಡ್‌ಕಾರ್ಡ್ ಕೊಡುತ್ತದೆ, ಅದನ್ನು ಕೊಟ್ಟು ಬೇಕಾದ ಕಾರ್ಡನ್ನೇ ತೆಗೆದುಕೊಳ್ಳಬಹುದು. ಸ್ನ್ಯಾಪ್‌ನಲ್ಲಿ ಹೊಸ ಕಾರ್ಡಿಗೆ ಕಾಯಬೇಕು, ತಾಳ್ಮೆ ಇಲ್ಲದವರ ಜೇಬಿಗೆ ಅದು ಒಳ್ಳೆಯದಲ್ಲ. ಗ್ವೆಂಟ್ ಈ ವಿಷಯದಲ್ಲಿ ಉದಾರಿ. ಒಂದು ಪೀಪಾಯಿ (ಅಲ್ಲಿ ಪ್ಯಾಕಿಗೆ ಇದೇ ಹೆಸರು) ಒಡೆದರೆ ನಾಲ್ಕು ಕಾರ್ಡ್ ಬರುತ್ತವೆ. ಐದನೆಯದನ್ನು ಎದುರಿಗಿಟ್ಟ ಮೂರರಲ್ಲಿ ನೀವೇ ಆರಿಸಿಕೊಳ್ಳಬೇಕು.

ಗ್ವೆಂಟ್

ನಾಲ್ಕರಲ್ಲಿ ನನಗೆ ಅತಿ ಪ್ರೀತಿಯದು ಇದು. 2015ರ ವಿಚರ್ 3 ಗೇಮ್‌ನೊಳಗೆ ಹೋಟೆಲು, ಸಂತೆಗಳಲ್ಲಿ ಆಡುವ ಸಣ್ಣ ಆಟವಾಗಿತ್ತು. ಜನರಿಗೆ ಎಷ್ಟು ಹಿಡಿಸಿತು ಅಂದರೆ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಅದನ್ನೇ ಬೇರೆ ಆಟ ಮಾಡಿ 2018ರಲ್ಲಿ ಬಿಡುಗಡೆ ಮಾಡಿತು.

ಮಾನಾ ಇಲ್ಲ, ಲ್ಯಾಂಡ್ ಇಲ್ಲ. ಸರದಿಗೆ ಒಂದು ಕಾರ್ಡ್ ಹಾಕಬೇಕು, ಇಲ್ಲಾ ಪಾಸ್ ಅನ್ನಬೇಕು, ಅಂದರೆ ಆ ಸುತ್ತಿನಲ್ಲಿ ಇನ್ನು ಕಾರ್ಡ್ ಹಾಕೋದಿಲ್ಲ. ಮೂರು ಸುತ್ತಿನಲ್ಲಿ ಎರಡು ಗೆದ್ದರೆ ಆಟ ನಿಮ್ಮದು. ಶುರುವಿನಲ್ಲಿ ಹತ್ತು ಕಾರ್ಡ್, ಎರಡನೇ ಮತ್ತು ಮೂರನೇ ಸುತ್ತಿಗೆ ಮೂರು ಮೂರು. 25 ಕಾರ್ಡಿನ ಡೆಕ್‌ನಲ್ಲಿ 16 ಹೀಗೇ ಕೈಗೆ ಬರುತ್ತವೆ. ಜೊತೆಗೆ ಕೆಲವನ್ನು ಬದಲಾಯಿಸಿಕೊಳ್ಳಬಹುದು, ಡೆಕ್ಕಿನಿಂದ ಬೇಕಾದ ಕಾರ್ಡನ್ನು ಹುಡುಕಿ ತರುವ ಕಾರ್ಡುಗಳೂ ಇವೆ. ಅದೃಷ್ಟ ಆಡುವ ಜಾಗವೇ ಕಿರಿದು, ಇರುವುದರಲ್ಲೂ ಬಹುಪಾಲು ನೀವು ಯೋಚನೆ ಮಾಡುವ ಮೊದಲೇ ಮುಗಿದಿರುತ್ತದೆ.

ಆಟದ ಜೀವ ಇರೋದು ಪಾಸ್‌ನಲ್ಲಿ. ಕೈಯಲ್ಲಿ ಹತ್ತಕ್ಕಿಂತ ಹೆಚ್ಚು ಕಾರ್ಡ್ ಇಟ್ಟುಕೊಳ್ಳುವ ಹಾಗಿಲ್ಲ. ಆದ್ದರಿಂದ ಮೊದಲ ಸುತ್ತಿನಲ್ಲಿ ಮೂರು ಕಾರ್ಡ್ ಹಾಕಿ ಏಳು ಉಳಿದ ಮೇಲೆಯೇ ಪಾಸ್ ಮಾಡೋದು ಲಾಭ, ಇಲ್ಲದಿದ್ದರೆ ಬರುವ ಮೂರು ಪೂರ್ತಿ ಸಿಗೋದಿಲ್ಲ. ಈಗ ಇಬ್ಬರ ಕೈಯಲ್ಲೂ ಏಳೇಳು ಇವೆ. ಎದುರಾಳಿ ಆರು ಪಾಯಿಂಟ್ ಮುಂದೆ ನಿಂತು ಪಾಸ್ ಅನ್ನುತ್ತಾನೆ. ನನ್ನ ಕೈಯಲ್ಲಿ ಏಳು ಪಾಯಿಂಟಿನ ಒಂದು ಕಾರ್ಡ್ ಇದ್ದರೆ ಹಾಕಿ ಸುತ್ತು ಹೊಡೆಯಬಹುದು, ಲೆಕ್ಕದಲ್ಲಿ ಒಂದು ಕಾರ್ಡ್ ಹಿಂದೆ ಬೀಳುತ್ತೇನೆ. ಆದರೆ ಎರಡನೇ ಸುತ್ತಿನ ಲಗಾಮು ನನ್ನ ಕೈಗೆ ಬರುತ್ತದೆ. ಆ ಸುತ್ತನ್ನು ಅವನು ಸೋತರೆ ಆಟವೇ ಹೋಗುತ್ತದೆ, ಹಾಗಾಗಿ ನಾನು ಎಳೆದಷ್ಟೂ ಒಳ್ಳೆ ಕಾರ್ಡ್ ಖರ್ಚು ಮಾಡಲೇಬೇಕು. ಅದೇ ದಾಟಲು ಎರಡು ಕಾರ್ಡ್ ಬೇಕು ಅಂದರೆ? ಆಗ ಆ ಸುತ್ತನ್ನು ಬಿಟ್ಟುಕೊಡೋದೇ ಎಷ್ಟೋ ಸಲ ಸರಿ. ಇಬ್ಬರ ಡೆಕ್ಕಿನಲ್ಲೂ ಕೊನೆಯ ಸುತ್ತಿಗೆ ಯಾರ ಬಲ ಜಾಸ್ತಿ ಅಂತ ತೂಗಿ ನೋಡಿಯೇ ಇದನ್ನು ಹೇಳಬೇಕು.

ಗ್ವೆಂಟ್ ಪುಟಗಳಲ್ಲಿ ಹೆಚ್ಚಿನ ಸೋಲಿಗೆ "ಹೌದು, ಗೆಲ್ಲಬಹುದಿತ್ತು" ಅಂತ ಬರೆದಿದೆ, ಎಲ್ಲಿ ಅಂತಲೂ ಬರೆದಿದೆ. ಬೇರೆ ಮೂರರಲ್ಲೂ ಇದು ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಇದಕ್ಕೊಂದು ಬೆಲೆಯೂ ಇದೆ: ಹೊಸಬರು ಪಳಗಿದವರ ಎದುರು ಸೋಲುತ್ತಲೇ ಇರುತ್ತಾರೆ. ಹಾರ್ತ್‌ಸ್ಟೋನ್‌ನಲ್ಲಿ ಸಿಗುವ ಅಚಾನಕ್ ಗೆಲುವಿನ ಖುಷಿ ಇಲ್ಲಿ ಅಪರೂಪ. ಮನೆಯ ಮಕ್ಕಳ ಜೊತೆ ಆಡೋದಾದರೆ ನಾನು ಹಾರ್ತ್‌ಸ್ಟೋನನ್ನೇ ತೆರೆಯುತ್ತೇನೆ.

2023ರ ನಂತರ ಗ್ವೆಂಟ್‌ಗೆ ಹೊಸ ಕಾರ್ಡ್ ಬರೋದು ನಿಂತಿದೆ. ಇರುವ ಕಾರ್ಡುಗಳ ಬಲವನ್ನು ಏರಿಸೋದು, ಇಳಿಸೋದು ಆಟಗಾರರ ಮತಕ್ಕೆ ಬಿಟ್ಟಿದ್ದಾರೆ. ಹೊಸದು ಬರುತ್ತಲೇ ಇರಬೇಕು ಅನ್ನುವವರು ಅರೇನಾದ ಮೂರು ಆಟದ ಪಂದ್ಯಕ್ಕೆ ಹೋಗಲಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಐದು ನಿಮಿಷ ಸಿಗುವವರಿಗೆ ಸ್ನ್ಯಾಪ್ ಸರಿ, ಎದ್ದು ಹೋಗೋದನ್ನು ಮೊದಲ ದಿನವೇ ಕಲಿಯಿರಿ. ನಾನಂತೂ ರಾತ್ರಿ ಊಟ ಆದ ಮೇಲೆ ಗ್ವೆಂಟ್‌ಗೇ ಕೂರುತ್ತೇನೆ, ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು.