ಟ್ರಾವೆಲ್ ಸಾಕರ್ ಟ್ರೈಔಟ್: ಮುಂಗಡ ಹಣ ಕಟ್ಟುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿರುವ ಕನ್ನಡ ತಂದೆತಾಯಂದಿರೇ, ನಿಮ್ಮ ಮಗು ಈ ವಸಂತದಲ್ಲಿ ಟ್ರಾವೆಲ್ ಸಾಕರ್ (ಫುಟ್‌ಬಾಲ್) ಕ್ಲಬ್‌ನ ಟ್ರೈಔಟ್‌ಗೆ, ಅಂದರೆ ತಂಡಕ್ಕೆ ಮಕ್ಕಳನ್ನು ಆರಿಸುವ ಆಟಕ್ಕೆ, ಹೋಗುವುದಾದರೆ ಒಂದು ವಿಷಯ ಮೊದಲೇ ತಿಳಿದಿರಲಿ. ನೀವು ಬೇಲಿಯಾಚೆ ನಿಂತು ನೋಡುವ ಹೊತ್ತಿಗೆ ಆಯ್ಕೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ಬರುವ ಈಮೇಲ್ ಕೇಳುವುದು ನಿಮ್ಮ ಸಹಿ ಮತ್ತು ಮುಂಗಡ ಹಣ. ಅದಕ್ಕೆ ಕೊಡುವ ಗಡುವು ಒಂದೆರಡು ದಿನ. ಕಳೆದ ವರ್ಷ ನಮ್ಮ ಮನೆಯಲ್ಲಿ ಆ ಹಣವೂ ಹೋಯಿತು, ಮಗಳ ಇಡೀ ಒಂದು ಋತುವಿನ ಆಟವೂ ಹೋಯಿತು. ಕ್ಲಬ್‌ನ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು ಆ ಒಂದು ಕ್ಲಬ್ಬನ್ನು ಬಿಟ್ಟು, ಪಕ್ಕದ ಊರಿನ ಕ್ಲಬ್‌ನಲ್ಲಿ ಅಂಥದ್ದೇ ಕಾಗದಕ್ಕೆ ಸಹಿ ಹಾಕುತ್ತಾರೆ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. ಇಲ್ಲಿ ಮಕ್ಕಳ ಸಾಕರ್ ಎರಡು ಬಗೆ. ಊರಿನ ರಿಕ್ರಿಯೇಷನ್ ಲೀಗ್‌ನಲ್ಲಿ ಹೆಸರು ಬರೆಸಿದ ಮಕ್ಕಳಿಗೆಲ್ಲ ತಂಡ ಸಿಗುತ್ತದೆ, ಕಲಿಸುವವರು ಯಾರದೋ ಅಪ್ಪ ಅಥವಾ ಅಮ್ಮ, ಶುಲ್ಕ ಕಡಿಮೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾದ ಎವೈಎಸ್‌ಓ ಸಂಸ್ಥೆಯಲ್ಲಂತೂ ಪ್ರತಿ ಮಗುವೂ ಪ್ರತಿ ಪಂದ್ಯದ ಅರ್ಧದಷ್ಟಾದರೂ ಆಡಲೇಬೇಕೆಂಬ ನಿಯಮವಿದೆ. ಟ್ರಾವೆಲ್ ಸಾಕರ್ ಎಂದರೆ ಸಂಬಳದ ಕೋಚ್, ವಾರಕ್ಕೆ ಎರಡು ಮೂರು ದಿನ ಅಭ್ಯಾಸ, ವಾರಾಂತ್ಯಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಪಂದ್ಯ, ರಜೆ ಸೇರಿದ ವಾರಾಂತ್ಯಗಳಲ್ಲಿ ಹೋಟೆಲ್‌ನಲ್ಲಿ ತಂಗಿ ಆಡುವ ಟೂರ್ನಿ. ನಮ್ಮ ಕಡೆ ವರ್ಷದ ಶುಲ್ಕವೇ ಎರಡರಿಂದ ಮೂರು ಸಾವಿರ ಡಾಲರ್; ಸಮವಸ್ತ್ರದ ಕಿಟ್, ಟೂರ್ನಿಯ ಖರ್ಚು, ಕೋಚ್‌ನ ಪ್ರಯಾಣದಲ್ಲಿ ನಮ್ಮ ಪಾಲು, ಇವೆಲ್ಲ ಅದರ ಮೇಲೆ. ತಂಡ ಒಂದು ವರ್ಷಕ್ಕಷ್ಟೇ. ಮುಂದಿನ ವಸಂತಕ್ಕೆ ಮತ್ತೆ ಟ್ರೈಔಟ್.

ನಾನೂ ನನ್ನ ಗಂಡನೂ ಓದಿದ್ದು ಸರ್ಕಾರಿ ಪ್ರೌಢಶಾಲೆಯಲ್ಲಿ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮೇಲೆ ಹೋಗುವ ಕ್ರೀಡಾಕೂಟಗಳನ್ನು ಕಂಡವರು. ಪಿ.ಟಿ. ಮೇಷ್ಟ್ರು ಖೋಖೋ ತಂಡ ಆರಿಸಲು ಯಾರ ಬಳಿಯೂ ದುಡ್ಡು ಕೇಳುತ್ತಿರಲಿಲ್ಲ. ಯಾರಿಗಾದರೂ ಒಲವು ತೋರಿಸಿದರೆ ಅದು ಇಡೀ ಶಾಲೆಗೆ ಕಾಣುತ್ತಿತ್ತು. ಅಂಥ ಕಡೆಯಿಂದ ಬಂದವರು ಟ್ರೈಔಟನ್ನು ಪರೀಕ್ಷೆ ಎಂದೇ ತಿಳಿಯುವುದು ಸಹಜ. ಚೆನ್ನಾಗಿ ಆಡಿದರೆ ಅಂಕ, ಅಂಕ ಬಂದರೆ ಸೀಟು. ಇಲ್ಲಿನ ಕನ್ನಡ ಮನೆಗಳಲ್ಲಿ ಟ್ರೈಔಟ್‌ಗೆ ಮುಂಚೆ ಮಗುವಿಗೆ ತಿಂಗಳುಗಟ್ಟಲೆ ಖಾಸಗಿ ಕೋಚ್ ಇಟ್ಟು ತಯಾರಿ ಮಾಡಿಸುವುದನ್ನು ನೋಡುತ್ತಿದ್ದೇನೆ. ಆ ಹಣದಿಂದ ಮಗುವಿನ ಆಟ ಸುಧಾರಿಸಬಹುದು. ಆಯ್ಕೆ ಬದಲಾಗುವುದು ಅಪರೂಪ.

ಟ್ರೈಔಟ್ ನಡೆಯುವ ಬಗೆ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ. ಮೇಜಿನ ಬಳಿ ಹೆಸರು ಹೇಳಿದರೆ ಮಗುವಿಗೊಂದು ಸಂಖ್ಯೆ ಕೊಡುತ್ತಾರೆ. ಪಿನ್ನಿ ಎಂದು ಕರೆಯುವ ತೋಳಿಲ್ಲದ ಜಾಲರಿ ಅಂಗಿಯ ಮೇಲೆ, ಇಲ್ಲವೇ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ. ಕೋನ್‌ಗಳ ನಡುವೆ ಚೆಂಡು ಒಯ್ಯುವುದು, ಒಬ್ಬರೆದುರು ಒಬ್ಬರು, ಆಮೇಲೆ ನಾಲ್ವರೆದುರು ನಾಲ್ವರ ಆಟ. ನಮ್ಮ ಮಗಳನ್ನು ಬಿಟ್ಟ ಮೈದಾನದಲ್ಲಿ ಮಕ್ಕಳನ್ನು ಸಂಖ್ಯೆಯಿಂದ ಕರೆಯುತ್ತಿದ್ದರು. ಪಕ್ಕದ ಮೈದಾನದಲ್ಲಿ ಹೆಸರಿನಿಂದ ಕರೆಯುತ್ತಿದ್ದರು. ಅಲ್ಲಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಕ್ಲಬ್‌ನ ಅಭ್ಯಾಸದ ಅಂಗಿಯಲ್ಲೇ ಬಂದಿದ್ದರು. ಮುಖ್ಯ ಕೋಚ್ ಇಡೀ ಸಂಜೆ ಅಲ್ಲಿಂದ ಕದಲಲಿಲ್ಲ. ನಮ್ಮ ಮೈದಾನವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಸಹಾಯಕ ಕೋಚ್ ಮತ್ತು ಕ್ಲಬ್‌ನ ಹಿರಿಯ ತಂಡದ ಇಬ್ಬರು ಹುಡುಗಿಯರು. ಎರಡನೆಯ ಸಂಜೆಯೂ ಹಾಗೆಯೇ ಕಳೆಯಿತು; ಈ ಮೈದಾನದಿಂದ ಆ ಮೈದಾನಕ್ಕೆ ದಾಟಿದ ಮಕ್ಕಳು ಬೆರಳೆಣಿಕೆಯಷ್ಟು. ಬೇರೇನೂ ಗೊತ್ತಾಗದಿದ್ದರೂ ಇದೊಂದನ್ನು ಗಮನಿಸಿ: ಕೋಚ್‌ಗಳು ಯಾರನ್ನು ಹೆಸರಿನಿಂದ ಕರೆಯುತ್ತಿದ್ದಾರೆ, ಯಾರನ್ನು ಸಂಖ್ಯೆಯಿಂದ.

ಇದೆಲ್ಲ ಮೋಸ ಎಂದು ನಾನು ಹೇಳಲಾರೆ. ತಂಡದ ಮಕ್ಕಳನ್ನು ಕೋಚ್ ವರ್ಷವಿಡೀ ನೋಡಿರುತ್ತಾರೆ, ಎರಡು ಸಂಜೆಯ ಆಟಕ್ಕಿಂತ ಆ ತಿಳಿವಳಿಕೆ ಗಟ್ಟಿಯದು. ಹೊರಗಿನಿಂದ ಬೇಕಾದ ಒಬ್ಬಿಬ್ಬರನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ಅಭ್ಯಾಸಕ್ಕೆ ಕರೆಸಿ ನೋಡಿರುತ್ತಾರೆ, ಇಲ್ಲವೇ ಯಾವುದಾದರೂ ಟೂರ್ನಿಯಲ್ಲಿ ಅತಿಥಿ ಆಟಗಾರ್ತಿಯಾಗಿ ಆಡಿಸಿರುತ್ತಾರೆ. ಗೋಲ್‌ಕೀಪರ್ ಬೇಕೇ, ಎಡಗಾಲಿನ ಆಟಗಾರ್ತಿ ಬೇಕೇ ಎಂಬುದೂ ಆಗಲೇ ತೀರ್ಮಾನವಾಗಿರುತ್ತದೆ. ಕೋಚ್ ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಬಂದರೆ ಹಳೆಯ ತಂಡದ ಅರ್ಧದಷ್ಟು ಮಕ್ಕಳು ಜೊತೆಯಲ್ಲೇ ಬರುವುದುಂಟು. ಹೀಗಾಗಿ ಮೊದಲ ತಂಡದಲ್ಲಿ ಟ್ರೈಔಟ್ ದಿನ ನಿಜವಾಗಿ ಖಾಲಿ ಇರುವ ಜಾಗ ಒಂದೋ ಎರಡೋ. ಅದನ್ನು ಬಾಯಿಬಿಟ್ಟು ಹೇಳದೆ ಊರಿನ ಮಕ್ಕಳನ್ನೆಲ್ಲ ಕರೆಯುತ್ತಾರಲ್ಲ, ನನ್ನ ಸಿಟ್ಟು ಅದಕ್ಕೆ.

ಕರೆಯುವುದು ಎರಡನೆಯ, ಮೂರನೆಯ ತಂಡಗಳನ್ನು ತುಂಬಿಸುವುದಕ್ಕೆ. ಎಳೆಯ ವಯಸ್ಸಿನಲ್ಲಿ ಆಟ ಕಲಿಸಿದ ಕ್ಲಬ್‌ಗೆ, ಆಟಗಾರ ವೃತ್ತಿಪರನಾದ ಮೇಲೆ ಹಣದ ಒಂದು ಪಾಲು ಸಲ್ಲುವ ಫಿಫಾ ಪದ್ಧತಿ 2001ರಿಂದಲೂ ಇದೆ. ಅಮೆರಿಕದಲ್ಲಿ ಅದು ಬೇರುಬಿಡಲಿಲ್ಲ; ಮೇಜರ್ ಲೀಗ್ ಸಾಕರ್ ಎಂಬ ವೃತ್ತಿಪರ ಲೀಗ್‌ನಂಥ ದೊಡ್ಡ ಸಂಸ್ಥೆಯೇ ಆ ಹಣವನ್ನು ಕೇಳುವುದಾಗಿ ಹೇಳಿದ್ದು 2019ರಲ್ಲಿ. ಹಾಗಾಗಿ ಊರಿನ ಕ್ಲಬ್ ನಡೆಯುವುದು ನಾವು ನೀವು ಕಟ್ಟುವ ಶುಲ್ಕದಿಂದ. ಮೂರನೆಯ ತಂಡದ ಮಗುವೂ ಮೊದಲ ತಂಡದ ಮಗುವೂ ಕಟ್ಟುವ ಹಣ ಬಹುತೇಕ ಒಂದೇ. ಸಿಗುವ ಕೋಚ್, ಮೈದಾನ, ಲೀಗ್ ಒಂದೇ ಅಲ್ಲ.

ನಮಗೆ ಈಮೇಲ್ ಬಂದದ್ದು ಮರುದಿನ ರಾತ್ರಿ. ಅಭಿನಂದನೆಗಳು, ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ ಎಂದಿತ್ತು. ತಂಡದ ಹೆಸರಿನಲ್ಲಿ ‘ಎಲೀಟ್’ ಎಂಬ ಪದವೂ ಇತ್ತು. ಕ್ಲಬ್‌ನಲ್ಲಿ ಅದೇ ವಯಸ್ಸಿನ ‘ಪ್ರೀಮಿಯರ್’, ‘ಎಲೀಟ್’, ‘ಸೆಲೆಕ್ಟ್’ ತಂಡಗಳಿದ್ದವು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಎಲ್ಲೂ ಬರೆದಿರಲಿಲ್ಲ. ಫೋನ್ ಮಾಡಿದಾಗ ಕ್ಲಬ್‌ನ ನಿರ್ದೇಶಕರು ಬಹಳ ವಿನಯದಿಂದ ಮಾತನಾಡಿದರು. ಇದು ಎರಡನೆಯ ತಂಡ, ಆದರೆ ಋತುವಿನ ನಡುವೆಯೇ ಮೇಲಿನ ತಂಡಕ್ಕೆ ಹೋಗಲು ದಾರಿಯಿದೆ, ತಂಡದಲ್ಲಿ 14 ಹುಡುಗಿಯರಷ್ಟೇ ಇರುತ್ತಾರೆ, ಕೋಚ್ ಇಂಥವರು ಎಂದರು. ಆ ಕೋಚ್ ಮಕ್ಕಳೊಂದಿಗೆ ನಡೆದುಕೊಳ್ಳುವ ರೀತಿಯನ್ನು ಕಂಡು ಮಗಳು ಅವರನ್ನು ಮೆಚ್ಚಿದ್ದಳು. ಗಡುವು 48 ಗಂಟೆ. ಪಕ್ಕದ ಕ್ಲಬ್‌ನ ಟ್ರೈಔಟ್ ಮುಂದಿನ ವಾರವಿತ್ತು. ಬೇರೆಯವರ ಟ್ರೈಔಟ್‌ಗೆ ಮೊದಲೇ ಮನೆಯವರ ಹಣ ಬಂದು ಸೇರಲಿ ಎಂದೇ ಆ ಗಡುವನ್ನು ಇಟ್ಟಿರುತ್ತಾರೆ.

ಒಪ್ಪಂದದಲ್ಲಿ ಕೋಚ್‌ನ ಹೆಸರಿರಲಿಲ್ಲ, ಹುಡುಗಿಯರ ಸಂಖ್ಯೆಯೂ ಇರಲಿಲ್ಲ. ಸೇರಿದವರು ಇಡೀ ವರ್ಷದ ಶುಲ್ಕಕ್ಕೆ ಹೊಣೆ, ಕಟ್ಟಿದ ಹಣ ವಾಪಸ್ ಇಲ್ಲ, ಮಗುವನ್ನು ಯಾವ ತಂಡದಲ್ಲಿ ಇರಿಸುವುದು ಕ್ಲಬ್‌ನ ಇಷ್ಟ, ಇಷ್ಟೇ ಇದ್ದದ್ದು.

ಇನ್ನೊಂದು ಮಾತು ನಿಮಗೂ ಕೇಳಿಸುತ್ತದೆ: ನಮ್ಮದು ‘ಇಸಿಎನ್‌ಎಲ್ ಕ್ಲಬ್’ ಎಂಬುದು. 2009ರಲ್ಲಿ ಹುಡುಗಿಯರಿಗಾಗಿ ಶುರುವಾದ ಆ ಲೀಗ್ ದೇಶದಲ್ಲೇ ಒಳ್ಳೆಯ ಮಟ್ಟದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ವಿಭಾಗಗಳು 13 ವರ್ಷದೊಳಗಿನವರಿಂದ ಮೇಲಕ್ಕೆ ಇವೆ, ಅದರ ಕೆಳಗೊಂದು ರೀಜನಲ್ ಲೀಗ್ ಬೇರೆ ಇದೆ. ಹತ್ತು ಹನ್ನೊಂದು ವರ್ಷದ ಮಗುವಿನ ಎರಡನೆಯ ತಂಡಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಬ್ಯಾನರ್ ನೋಡಬೇಡಿ. ನಿಮ್ಮ ಮಗುವಿನ ತಂಡ ಕಳೆದ ವರ್ಷ ಯಾವ ಲೀಗ್‌ನ ಯಾವ ವಿಭಾಗದಲ್ಲಿ ಆಡಿತು ಎಂದು ಕೇಳಿ, ಆ ಲೀಗ್‌ನ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿ.

ಆಗಸ್ಟ್ ಮೊದಲ ವಾರ ಅಭ್ಯಾಸ ಶುರು, ತಪ್ಪಿಸಿದರೆ ತಂಡದಲ್ಲಿ ಜಾಗ ಕಷ್ಟ ಎಂದಿದ್ದರು. ಶಿವಮೊಗ್ಗದಲ್ಲಿ ಅಜ್ಜಿಯ ಮನೆಯಲ್ಲಿದ್ದ ಮಗಳನ್ನು ವರಮಹಾಲಕ್ಷ್ಮಿ ಹಬ್ಬಕ್ಕೂ ನಿಲ್ಲಿಸದೆ ಕರೆತಂದೆವು. ಮೈದಾನಕ್ಕೆ ಹೋದರೆ ಆ ಕೋಚ್ ಇರಲಿಲ್ಲ. ಜುಲೈಯಲ್ಲೇ ಬೇರೆ ಕ್ಲಬ್ ಸೇರಿದ್ದರು, ಮೊದಲ ತಂಡದ ಕೆಲವು ಹುಡುಗಿಯರೂ ಅವರೊಂದಿಗೆ ಹೋಗಿದ್ದರು. ಆ ಜಾಗಗಳಿಗೆ ನಮ್ಮ ತಂಡದಿಂದ ಹುಡುಗಿಯರನ್ನು ಎತ್ತಿಕೊಂಡರು. ಮೂರನೆಯ ತಂಡವನ್ನು ಮುಚ್ಚಿ ಅದರಲ್ಲಿದ್ದವರನ್ನೆಲ್ಲ ನಮ್ಮ ತಂಡಕ್ಕೆ ಸೇರಿಸಿದರು. 14 ಎಂದಿದ್ದವರು ಈಗ 20.

ಈ ಸಂಖ್ಯೆ ಏಕೆ ಮುಖ್ಯ ಎಂದು ಬಿಡಿಸಿ ಹೇಳುತ್ತೇನೆ. 11 ಮತ್ತು 12 ವರ್ಷದೊಳಗಿನ ಮಕ್ಕಳು ಇಲ್ಲಿ ಒಂಬತ್ತು ಮಂದಿಯ ತಂಡದಲ್ಲಿ ಆಡುತ್ತಾರೆ, ಪಂದ್ಯ 30 ನಿಮಿಷದ ಎರಡು ಅರ್ಧ. ದೇಶದ ಸಾಕರ್ ಒಕ್ಕೂಟವಾದ ಯುಎಸ್ ಸಾಕರ್ ಈ ವಯಸ್ಸಿಗೆ ತಂಡದ ಪಟ್ಟಿಯಲ್ಲಿ 16ಕ್ಕಿಂತ ಹೆಚ್ಚು ಮಕ್ಕಳು ಬೇಡವೆಂದು ಸೂಚಿಸಿದೆ. 16 ಮಂದಿಗೆ ಸಮವಾಗಿ ಹಂಚಿದರೂ ಒಬ್ಬರಿಗೆ ಸಿಗುವುದು ಸುಮಾರು 34 ನಿಮಿಷ. 20 ಮಂದಿ ಇದ್ದರೆ ಪ್ರತಿ ವಾರ ನಾಲ್ವರು ಪಂದ್ಯಕ್ಕೇ ಹೋಗುವುದಿಲ್ಲ. ಅವರನ್ನು ‘ತರಬೇತಿ ಪೂಲ್’ ಎನ್ನುತ್ತಾರೆ. ಶುಲ್ಕ ಪೂರ್ತಿ, ಅಭ್ಯಾಸ ಪೂರ್ತಿ, ಶನಿವಾರ ಮನೆಯಲ್ಲಿ. ನಮ್ಮ ಮಗಳು ಹೆಚ್ಚಿನ ವಾರ ಆ ನಾಲ್ವರಲ್ಲಿದ್ದಳು. ಪಂದ್ಯಕ್ಕೆ ಕರೆದ ದಿನವೂ ಹತ್ತು ನಿಮಿಷ ಆಡಿದರೆ ಹೆಚ್ಚು. ಕಾರಿನಲ್ಲಿ ವಾಪಸ್ ಬರುವಾಗ, ನಾನು ಅಷ್ಟು ಕೆಟ್ಟದಾಗಿ ಆಡುತ್ತೇನೆಯೇ ಅಮ್ಮ ಎಂದು ಕೇಳಿದಳು. ದುಡ್ಡು ಹೋದದ್ದನ್ನು ಮರೆತೇನು, ಮಗುವಿನ ಬಾಯಲ್ಲಿ ಆ ಪ್ರಶ್ನೆ ಬರಿಸಿದವರನ್ನು ಮರೆಯಲಾರೆ.

ಸೆಪ್ಟೆಂಬರ್ ಮುಗಿಯುವ ಮುನ್ನವೇ ಬಿಡಿಸಲು ಕೇಳಿದೆವು. ಆಟಗಾರ್ತಿಯ ನೋಂದಣಿ ಕ್ಲಬ್‌ನ ಕೈಯಲ್ಲಿತ್ತು, ಅವರು ಬಿಡುಗಡೆ ಮಾಡದೆ ಮಗು ಬೇರೆ ಕ್ಲಬ್‌ಗೆ ಆಡುವಂತಿರಲಿಲ್ಲ. ವರ್ಷದ ಬಾಕಿ ಕಟ್ಟಿದರೆ ಮಾತ್ರ ಬಿಡುಗಡೆ ಎಂದರು. ರಾಜ್ಯ ಮಟ್ಟದ ಸಂಘಕ್ಕೆ ಬರೆದೆವು. ಶುಲ್ಕದ ವಿಷಯ ಕ್ಲಬ್‌ಗೂ ಮನೆಯವರಿಗೂ ಸೇರಿದ್ದು ಎಂಬ ಉತ್ತರ ಬಂತು. ಬಾಕಿ ಕಟ್ಟಿ ಬಿಡಿಸುವಷ್ಟರಲ್ಲಿ ಸುತ್ತಲಿನ ಒಳ್ಳೆಯ ತಂಡಗಳ ಪಟ್ಟಿ ತುಂಬಿತ್ತು. ಈಗ ಮಗಳು ಊರಿನ ರಿಕ್ರಿಯೇಷನ್ ಲೀಗ್‌ನಲ್ಲಿ ಪೂರ್ತಿ ಪಂದ್ಯ ಆಡುತ್ತಿದ್ದಾಳೆ.

ಹುಟ್ಟಿದ ತಿಂಗಳ ವಿಷಯವನ್ನೂ ತಿಳಿದುಕೊಳ್ಳಿ, ಏಕೆಂದರೆ ಈ ವರ್ಷ ಅದು ಎಲ್ಲರನ್ನೂ ತಟ್ಟುತ್ತದೆ. 2017ರಿಂದ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದವರು ಒಂದು ಗುಂಪು ಎಂದಿತ್ತು. ನನ್ನ ಮಗಳು ನವೆಂಬರ್‌ನಲ್ಲಿ ಹುಟ್ಟಿದವಳು. ಜನವರಿಯವರ ಎದುರು ಹತ್ತು ತಿಂಗಳು ಚಿಕ್ಕವಳು. ಹನ್ನೊಂದರ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಎತ್ತರ, ಓಟ, ಬಲ ಎಲ್ಲದರಲ್ಲೂ ವ್ಯತ್ಯಾಸ, ಕೋಚ್‌ನ ಕಣ್ಣು ಅದನ್ನೇ ಪ್ರತಿಭೆ ಎಂದು ಎಣಿಸಿಬಿಡುತ್ತದೆ. 2026-27ರ ಋತುವಿನಿಂದ ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್, ಎವೈಎಸ್‌ಓ ಎಂಬ ಮಕ್ಕಳ ಸಾಕರ್‌ನ ಮೂರೂ ಸಂಸ್ಥೆಗಳು ಶಾಲೆಯ ವರ್ಷಕ್ಕೆ ಹೊಂದುವಂತೆ ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಬದಲಾಗುತ್ತಿವೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದ ಮಕ್ಕಳು ಇನ್ನು ಮುಂದೆ ಗುಂಪಿನ ಹಿರಿಯರು, ಮೇ, ಜೂನ್, ಜುಲೈಯವರು ಕಿರಿಯರು. ಹಳೆಯ ತಂಡಗಳು ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಕೊಟ್ಟ ಮಾತು ಆಗಸ್ಟ್ ಹೊತ್ತಿಗೆ ಮುರಿಯುವ ಸಾಧ್ಯತೆ ಎಂದಿಗಿಂತ ಹೆಚ್ಚು. ಜುಲೈ ಮಗು ಈ ಸಲ ಕೆಳಗಿನ ತಂಡಕ್ಕೆ ಬಿದ್ದರೆ ಅದರ ಆಟವನ್ನು ದೂರಬೇಡಿ.

ಹಣ ಕಟ್ಟುವ ಮುನ್ನ ಕ್ಲಬ್‌ಗೆ ಈಮೇಲ್ ಬರೆಯಿರಿ, ಫೋನ್ ಬೇಡ. ಈ ವಯಸ್ಸಿನಲ್ಲಿ ಎಷ್ಟು ತಂಡ, ಇದು ಎಷ್ಟನೆಯದು, ಪಟ್ಟಿಯಲ್ಲಿ ಗರಿಷ್ಠ ಎಷ್ಟು ಮಕ್ಕಳು, ಪಂದ್ಯಕ್ಕೆ ಹೋಗದ ‘ಪೂಲ್’ ಇದೆಯೇ, ಕೋಚ್ ಯಾರು, ಅವರು ಬಿಟ್ಟುಹೋದರೆ ಅಥವಾ ತಂಡವನ್ನು ಮುಚ್ಚಿದರೆ ಹಣ ವಾಪಸ್ ಬರುತ್ತದೆಯೇ ಎಂದು ಕೇಳಿ. ವರ್ಷದ ನಡುವೆ ಬಿಡಿಸಿಕೊಳ್ಳುವ ನಿಯಮವನ್ನು ಬರಹದಲ್ಲಿ ಪಡೆಯಿರಿ. ಟ್ರೈಔಟ್‌ಗೆ ಮೊದಲೇ, ಫೆಬ್ರವರಿ ಹೊತ್ತಿಗೆ, ತಂಡದ ಅಭ್ಯಾಸಕ್ಕೆ ಮಗುವನ್ನು ಕರೆತರಬಹುದೇ ಎಂದು ಕೋಚ್‌ಗೆ ಬರೆಯಿರಿ. ನಿಜವಾದ ಟ್ರೈಔಟ್ ನಡೆಯುವುದು ಅಲ್ಲಿ. ಅಲ್ಲಿ ಕೋಚ್ ಮಕ್ಕಳ ಮೇಲೆ ಕೂಗಾಡುತ್ತಾರೆಯೇ, ತಪ್ಪು ಮಾಡಿದ ಮಗುವಿಗೆ ಏನು ಹೇಳುತ್ತಾರೆ ಎಂಬುದೂ ನಿಮಗೆ ಕಾಣುತ್ತದೆ. ಶುಲ್ಕ ಭಾರವೆನಿಸಿದರೆ ಆರ್ಥಿಕ ನೆರವಿನ ಅರ್ಜಿಯನ್ನು ಒಪ್ಪಂದಕ್ಕೆ ಮುಂಚೆ ಕೇಳಿ, ಸಹಿಯಾದ ಮೇಲೆ ಕೇಳಿದವರಿಗೆ ಉತ್ತರ ನಿಧಾನ. 48 ಗಂಟೆಯ ಗಡುವಿಗೆ ಹೆದರಬೇಡಿ. ಮೊದಲ ತಂಡದ ಜಾಗಕ್ಕೆ ಪೈಪೋಟಿ ಇರುವುದು ನಿಜ. ಎರಡನೆಯ, ಮೂರನೆಯ ತಂಡಗಳಿಗೆ ನಮ್ಮ ಸುತ್ತಲಿನ ಕ್ಲಬ್‌ಗಳು ಜುಲೈ ಕೊನೆಯವರೆಗೂ ಮಕ್ಕಳನ್ನು ಹುಡುಕುತ್ತಲೇ ಇರುತ್ತವೆ.