ಅಲ್ಯೂಮಿನಿಯಂ ಗಜ, ಹಗ್ಗದ ಹಾವು, ಬಿಸಿನೀರು: ಕೋವಿ ಒರೆಸುವ ಸಾಮಾನಿನ ಹೋಲಿಕೆ

ಕಳೆದ ವರ್ಷ ಕೈಲ್ ಮುಹೂರ್ತಕ್ಕೆ ಎರಡು ದಿನ ಇರುವಾಗ ಪಾಯಿಂಟ್ ಟೂ ಟೂ ರೈಫಲನ್ನು ಕಪಾಟಿನಿಂದ ತೆಗೆದೆ. ನಳಿಗೆಯ ಮೇಲೆ ಮೂರು ಬೆರಳಿನ ಗುರುತು, ಕೆಂಪು ತುಕ್ಕಿನಲ್ಲಿ. ನನ್ನದೇ ಬೆರಳು. ಮಳೆ ಹಿಡಿಯುವ ಮುಂಚೆ ಒರೆಸಿ ಇಟ್ಟಿದ್ದೆ ಅಂತ ನೆನಪು. ಒರೆಸಿದ್ದೆನೋ, ಒರೆಸಬೇಕು ಅಂದುಕೊಂಡು ಬಿಟ್ಟಿದ್ದೆನೋ, ಈಗ ಹೇಳುವುದು ಕಷ್ಟ. ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಗಿತ್ತು. ಗಜ, ಅಂದರೆ ನಳಿಗೆಯೊಳಗೆ ತಳ್ಳಿ ಉಜ್ಜುವ ಉದ್ದ ಸರಳು, ಅಟ್ಟದ ಮೇಲೆ, ಬ್ರಷ್ಷು ಸ್ಪ್ಯಾನರ್ ಡಬ್ಬಿಯಲ್ಲಿ, ಎಣ್ಣೆ ಅಮ್ಮನ ಹೊಲಿಗೆ ಮೆಷಿನ್ನಿನ ಡ್ರಾಯರ್‌ನಲ್ಲಿ. ಮೂರನ್ನೂ ಹುಡುಕಿ ತರುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು.

ಕೊಡಗಿನ ಹೊರಗಿನವರಿಗೆ ಒಂದು ಮಾತು. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ನಮ್ಮಲ್ಲಿ ಆಯುಧಪೂಜೆ, ಅದೇ ಕೈಲ್ ಮುಹೂರ್ತ. ಕೋವಿಗಳನ್ನು ತೊಳೆದು, ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಬೇಟೆಯ ಕಾಲ ಮುಗಿದು ಹೋಗಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾಗಾಗಿ ನಮ್ಮ ಕೋವಿಗಳು ವರ್ಷದಲ್ಲಿ ಹೆಚ್ಚಿನ ದಿನ ಸುಮ್ನೆ ಇರುತ್ತವೆ. ಗುಂಡು ಹಾರಿಸಿ ಹಾಳಾಗುವ ಕೋವಿಗಿಂತ ಸುಮ್ನೆ ಕೂತು ಹಾಳಾಗುವ ಕೋವಿಯೇ ಇಲ್ಲಿ ಜಾಸ್ತಿ.

ಆ ತುಕ್ಕಿನ ಸಿಟ್ಟಿನಲ್ಲಿ ಒಂದು ವರ್ಷ ಕೂತು ಸಾಮಾನುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದೆ. ಮನೆಯಲ್ಲಿರುವುದು ಮೂರು ಕೋವಿ: ನನ್ನ .22 ಬೋಲ್ಟ್ ರೈಫಲ್, ಅಪ್ಪನ 12 ಬೋರಿನ ಜೋಡುನಳಿಗೆ, ಚಿಕ್ಕಪ್ಪನ ಹೆಸರಿನಲ್ಲಿರುವ ಅಜ್ಜನ ಕಾಲದ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವಂಥದ್ದು). ಮೂರಕ್ಕೂ ಒಂದೇ ಕಿಟ್ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಸಾಲುವುದಿಲ್ಲ.

ಮೊದಲು ಗಜದ ವಿಷಯ. ನಾನು ಮೊದಲು ಕೊಂಡದ್ದು ಮೂರು ತುಂಡಿನ ಅಲ್ಯೂಮಿನಿಯಂ ಗಜ ಇರುವ, ಪ್ಲಾಸ್ಟಿಕ್ ಪೆಟ್ಟಿಗೆಯ ಕಿಟ್. ನೋಡಲು ಚೆಂದ. ಎಲ್ಲದಕ್ಕೂ ಒಂದೊಂದು ಗುಂಡಿ, ಎಲ್ಲ ಗುಂಡಿಯಲ್ಲೂ ಒಂದೊಂದು ಬ್ರಷ್. ತೊಂದರೆ ಕೀಲಿನಲ್ಲಿ. ತುಂಡು ತುಂಡು ಸೇರುವ ಜಾಗದಲ್ಲಿ ಸಣ್ಣ ಅಂಚು ಉಳಿಯುತ್ತದೆ. .22 ನಳಿಗೆಯ ಒಳಗಿನ ಅಗಲ ಸುಮಾರು 5.5 ಮಿಲಿಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ತಳ್ಳಿದಾಗ ಗಜ ಸ್ವಲ್ಪ ಬಾಗುತ್ತದೆ, ಆ ಅಂಚು ಒಳಗಿನ ಸುರುಳಿ ಗೀರುಗಳ ಮೇಲೆ ಉಜ್ಜುತ್ತದೆ. ಅಲ್ಯೂಮಿನಿಯಂ ಮೆತ್ತಗಲ್ವಾ, ಉಕ್ಕಿಗೆ ಏನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಮೆತ್ತಗಿರುವುದೇ ಕಷ್ಟ. ಮರಳಿನ ಕಣ, ಮಸಿ ಎಲ್ಲ ಅದರ ಮೈಗೆ ಚುಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಗಜ ಅನ್ನುವುದು ಉಪ್ಪು ಕಾಗದ ಆಗುತ್ತದೆ. ಆರು ತಿಂಗಳಲ್ಲಿ ನನ್ನ ಗಜದ ಮಧ್ಯದ ತುಂಡನ್ನು ಬೆಳಕಿಗೆ ಹಿಡಿದರೆ ಕಪ್ಪು ಚುಕ್ಕೆಗಳು ಎಣಿಸುವಷ್ಟು ಕಾಣುತ್ತಿದ್ದವು.

ಎರಡನೆಯದು ಒಂದೇ ತುಂಡಿನ ಉಕ್ಕಿನ ಗಜ, ಮೇಲೆ ನೈಲಾನ್ ಲೇಪ. ಬೆಲೆ ಕೇಳಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಆದರೆ ಹಿಡಿಯ ಒಳಗೆ ಬೇರಿಂಗ್ ಇದೆ. ತಳ್ಳಿದಾಗ ಗಜ ತಾನಾಗಿ ತಿರುಗಿ ಸುರುಳಿಯ ಜೊತೆಗೆ ಹೋಗುತ್ತದೆ. ಬ್ರಷ್ ಗೀರಿನ ಮೇಲೆ ಹಾರುವುದಿಲ್ಲ, ಗೀರಿನೊಳಗೆ ಓಡುತ್ತದೆ. ಇದನ್ನು ಮೊದಲ ಸಲ ಕೈಯಲ್ಲಿ ಅನುಭವಿಸಿದಾಗ ಹಳೆಯ ಕಿಟ್ಟಿನ ಗಜವನ್ನು ಹಿತ್ತಲಿನ ಹುರುಳಿ ಬಳ್ಳಿಗೆ ಆಸರೆ ಕೊಟ್ಟೆ. ಕಾರ್ಬನ್ ಫೈಬರ್ ಗಜವನ್ನೂ ಗೆಳೆಯನೊಬ್ಬನಿಂದ ತಂದು ವಾರ ಬಳಸಿದೆ. ಹಗುರ, ಬಾಗಿದರೂ ನೆಟ್ಟಗಾಗುತ್ತದೆ. ನನಗೆ ಉಕ್ಕಿನದ್ದೇ ಹಿಡಿಸಿತು. ಒರೆಸಿದರೆ ಅದರ ಮೈ ಸ್ವಚ್ಛವಾಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಯಾವ ಗಜವಾದರೂ ಬೋಲ್ಟ್ ತೆಗೆದು ಹಿಂದಿನಿಂದ ಹಾಕಬೇಕು. ನಳಿಗೆಯ ಬಾಯಿಯಿಂದ ಹಾಕಿದರೆ ಗುಂಡು ಹೊರಡುವ ಕೊನೆಯ ಅಂಚು ಸವೆಯುತ್ತದೆ. ಆ ಅಂಚು ಒಂದು ಕಡೆ ಸವೆದರೆ ಗುಂಡು ಓರೆ ಹೋಗುತ್ತದೆ, ತೆಂಗಿನಕಾಯಿ ನಗುತ್ತಾ ನಿಂತಿರುತ್ತದೆ.

ಮೂರನೆಯದು ಹಗ್ಗ. ಹಿತ್ತಾಳೆಯ ತೂಕ, ದಾರ, ಮಧ್ಯದಲ್ಲಿ ಬ್ರಷ್, ಹಿಂದೆ ದಪ್ಪ ಹಗ್ಗ. ಹಾವು ಅಂತಲೇ ಎಲ್ಲರೂ ಕರೆಯುವುದು. ಒಂದು ಸಲ ಎಳೆದರೆ ಕೆಲಸ ಮುಗಿಯಿತು ಅನ್ನುತ್ತಾರೆ. ಮೈದಾನದಲ್ಲಿ, ಸ್ಪರ್ಧೆ ಮುಗಿದ ಕೂಡಲೇ, ಜೀಪಿನ ಬಾನೆಟ್ ಮೇಲೆ ಕೋವಿ ಇಟ್ಟು ಎಳೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದು ಸಲ ಎಳೆದ ಕೊಳೆಯೇ ಎರಡನೆಯ ಸಲ ಒಳಗೆ ಹೋಗುತ್ತದೆ. ಸೋಪು ನೀರಿನಲ್ಲಿ ಒಗೆದು ಒಣಗಿಸಬೇಕು, ಜುಲೈ ತಿಂಗಳಲ್ಲಿ ಅದು ಒಣಗುವುದು ಯಾವಾಗ? ನಾನು ಕೊಂಡ ಅಗ್ಗದ ಹಾವು 12 ಬೋರಿನೊಳಗೆ ಅರ್ಧದಲ್ಲಿ ತುಂಡಾಯಿತು. 12 ಬೋರಾದ್ದರಿಂದ ಬಚಾವ್, ಬೆರಳಿನಷ್ಟು ದಪ್ಪದ ಕೋಲು ಹಾಕಿ ತಳ್ಳಿದೆ. .22 ಆಗಿದ್ದರೆ ಗನ್ ಸ್ಮಿತ್ ಹತ್ತಿರ ಹೋಗಬೇಕಿತ್ತು.

ಚಿಕ್ಕಪ್ಪ ಫೌಜಿನಲ್ಲಿ ಇದ್ದವರು. ಅವರಿಗೆ ಇದೆಲ್ಲ ತಮಾಷೆ. "ಏನೋ ಇದು, ಆಸ್ಪತ್ರೆ ಇಟ್ಟಿದ್ದೀಯಾ?" ಅಂದರು. ಪುಲ್‌ಥ್ರೂ (ತುದಿಗೆ ತೂಕವಿರುವ ಎಳೆಯುವ ದಾರ), ಚಿಂದಿ, ಎಣ್ಣೆ ಬಾಟ್ಲಿ: ಮೂರೂ ರೈಫಲಿನ ಬಟ್ಟಿನೊಳಗೆ, ಅಂದರೆ ಹೆಗಲಿಗೆ ಆನಿಸುವ ಮರದೊಳಗೆ, ಇರುತ್ತಿತ್ತಂತೆ, .303ರಲ್ಲಿ. ಚಿಂದಿ ಅಂದರೆ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಬಟ್ಟೆ ತುಂಡು. ಎಣ್ಣೆ ಹಚ್ಚಲು ಅಗಲ ಒಂದೂವರೆ ಇಂಚು. ಎನ್‌ಸಿಸಿಯಲ್ಲಿದ್ದವರಿಗೆ ಈ ಲೆಕ್ಕ ಈಗಲೂ ಬಾಯಿಪಾಠ. ಚಿಕ್ಕಪ್ಪನ ವಾದ ಏನೆಂದರೆ, ಜೇಬಿನಲ್ಲಿ ಹಿಡಿಯುವಷ್ಟು ಸಾಮಾನಿದ್ದರೆ ಸಾಕು, ದಿನಾ ಒರೆಸಬೇಕು ಅಷ್ಟೆ. ದಿನಾ ಒರೆಸುವವರಿಗೆ ಸರಿ. ಒರೆಸು ಅಂತ ಬೈಯಲು ನಮ್ಮ ಮನೆಯಲ್ಲಿ ಹವಾಲ್ದಾರ ಯಾರೂ ಇಲ್ಲವಲ್ಲ.

ಚಿಂದಿಯನ್ನು ಮಾತ್ರ ನಾನು ದುಡ್ಡು ಕೊಟ್ಟು ಕೊಳ್ಳುವುದು ಬಿಟ್ಟಿದ್ದೇನೆ. ಹಳೆಯ ಹತ್ತಿ ಪಂಚೆ ಸಾಕು. .22ಗೆ ಒಂದು ಇಂಚಿನ ಚೌಕ, 12 ಬೋರಿಗೆ ಮೂರು ಇಂಚು. ಟೀ ಶರ್ಟ್ ಬೇಡ, ಅದು ಹಿಗ್ಗುತ್ತದೆ, ನೂಲು ಬಿಡುತ್ತದೆ.

ಬ್ರಷ್ಷಿನಲ್ಲಿ ಕಂಚಿನದ್ದು ಮತ್ತು ನೈಲಾನ್ ಎರಡೂ ಇರಲಿ. ಸ್ಟೀಲ್ ಬ್ರಷ್ ಬೇಡವೇ ಬೇಡ. .22 ಗುಂಡು ಹೆಚ್ಚಾಗಿ ಬರಿಯ ಸೀಸ, ಮೇಲೆ ಮೇಣದಂಥ ಜಿಡ್ಡು. ತಾಮ್ರ ಕರಗಿಸುವ ದುಬಾರಿ ದ್ರಾವಣ ಅದಕ್ಕೆ ಬೇಕಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಬಾಟ್ಲಿ ಕೊಂಡೆ. ಪ್ರತಿ ಸಲ ಚಿಂದಿ ನೀಲಿಯಾಗಿ ಹೊರಗೆ ಬರುತ್ತಿತ್ತು. ಅಬ್ಬಾ, ಎಷ್ಟು ತಾಮ್ರ ಕೂತಿದೆ ಅಂತ ಮತ್ತೆ ಮತ್ತೆ ಉಜ್ಜಿದೆ. ಅದು ನನ್ನ ಕಂಚಿನ ಬ್ರಷ್ಷೇ ಕರಗಿ ಬರುತ್ತಿದ್ದ ನೀಲಿ! ನಿಜ ಹೇಳಬೇಕೆಂದರೆ .22 ನಳಿಗೆಯನ್ನು ಜಾಸ್ತಿ ಉಜ್ಜುವುದೇ ತಪ್ಪು. ಪೂರ್ತಿ ತೊಳೆದು ಒಣಗಿಸಿದ ಮೇಲೆ ಮೊದಲ ಕೆಲವು ಗುಂಡು ಎಲ್ಲೆಲ್ಲೋ ಹೋಗುತ್ತವೆ, ಮೇಣ ಮತ್ತೆ ಕೂತ ಮೇಲೆ ಸರಿಯಾಗುತ್ತದೆ.

ಇನ್ನು ಎಣ್ಣೆ. ಇದಕ್ಕೆ ಒಂದು ಪರೀಕ್ಷೆ ಮಾಡಿದೆ. ಕಿಟಕಿ ಸರಳಿನ ಕಬ್ಬಿಣದಿಂದ ಆರು ತುಂಡು ಕತ್ತರಿಸಿ, ಉಪ್ಪು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಒಂದೊಂದಕ್ಕೆ ಒಂದೊಂದು ಬಳಿದು, ಜುಲೈನಲ್ಲಿ ಹಿಂದಿನ ಜಗಲಿಯಲ್ಲಿ ದಾರಕ್ಕೆ ಕಟ್ಟಿ ತೂಗುಹಾಕಿದೆ. ಏನೂ ಹಚ್ಚದ್ದು ಮರುದಿನವೇ ಕೆಂಪಾಯಿತು. ಸೀಮೆಎಣ್ಣೆಯದ್ದು ನಾಲ್ಕನೇ ದಿನ. ನೀರು ಓಡಿಸುವ ಸ್ಪ್ರೇ ಹಚ್ಚಿದ್ದು ಎರಡನೇ ವಾರಕ್ಕೆ ಚುಕ್ಕೆ ಬಿಟ್ಟಿತು. ಅದರ ಕೆಲಸ ನೀರು ಓಡಿಸುವುದು, ಕಾವಲು ನಿಲ್ಲುವುದಲ್ಲ, ಅದರ ತಪ್ಪೇನಿಲ್ಲ. ಹೊಲಿಗೆ ಮೆಷಿನ್ ಎಣ್ಣೆ ಮೂರು ವಾರ ತಡೆಯಿತು. ಬ್ಯಾಲಿಸ್ಟಾಲ್ ತಿಂಗಳು ಕಳೆದರೂ ಸರಿ ಇತ್ತು. ತೆಳ್ಳಗೆ ಬಳಿದ ಗ್ರೀಸ್ ಆಗಸ್ಟ್ ಕೊನೆಗೂ ಹಾಗೇ ಇತ್ತು. ಆದರೆ ಗ್ರೀಸ್ ಹಚ್ಚಿದ ನಳಿಗೆಯನ್ನು ಪೂರ್ತಿ ಒರೆಸದೆ ಹಾರಿಸುವ ಹಾಗಿಲ್ಲ.

ಬ್ಯಾಲಿಸ್ಟಾಲ್ ಜರ್ಮನಿಯಲ್ಲಿ ಸೈನ್ಯಕ್ಕೆಂದು ನೂರು ವರ್ಷಕ್ಕೂ ಹಿಂದೆ ತಯಾರಾದ ಎಣ್ಣೆ. ಮರಕ್ಕೂ ಚರ್ಮಕ್ಕೂ ಹಚ್ಚಬಹುದು, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ವಾಸನೆ ಮಾತ್ರ ಜೋರು, ಅಮ್ಮ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. 1903ರಿಂದ ಅಮೆರಿಕದಲ್ಲಿ ತಯಾರಾಗುತ್ತಿರುವ ಹೊಪ್ಪೀಸ್ ನಂಬರ್ 9ಗೆ ಹಣ್ಣಾದ ಬಾಳೆಯ ವಾಸನೆ. ಅದು ಮಸಿ ಬಿಡಿಸಲು, ತುಕ್ಕು ತಡೆಯಲು ಅಲ್ಲ. ಅದನ್ನು ಹಚ್ಚಿ, ಒರೆಸಿ, ಮೇಲೆ ಎಣ್ಣೆ ಹಾಕಲೇಬೇಕು. ತೆಂಗಿನೆಣ್ಣೆ ಬಳಸುವವರು ಈಗಲೂ ಇದ್ದಾರೆ. ಡಿಸೆಂಬರ್ ಬೆಳಿಗ್ಗೆ ನಮ್ಮಲ್ಲಿ ಅದು ಬಾಟ್ಲಿಯಲ್ಲೇ ಗಟ್ಟಿ. ಕೋವಿಯ ಸ್ಪ್ರಿಂಗಿನ ಸಂದಿಯಲ್ಲಿ ಗಟ್ಟಿಯಾದರೆ ಏನು ಮಾಡುತ್ತೀರಿ?

ಕೇಪಿನ ಕೋವಿಯ ಮುಂದೆ ಈ ಎಲ್ಲ ಬಾಟ್ಲಿಗಳೂ ಸೋತವು. ಕಪ್ಪು ಮದ್ದು ಮತ್ತು ಹಳೆಯ ನಮೂನೆಯ ಕೇಪು ಉರಿದ ಮೇಲೆ ಉಳಿಯುವುದು ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿದರೆ ಉಪ್ಪನ್ನು ಎಣ್ಣೆಯ ಕೆಳಗೆ ಬೆಚ್ಚಗೆ ಮಲಗಿಸಿದ ಹಾಗೆ, ಅದು ಗಾಳಿಯ ನೀರು ಹೀರಿ ಒಳಗೊಳಗೇ ತಿನ್ನುತ್ತದೆ. ಅಜ್ಜಿ ಹಂಡೆಯಿಂದ ಕುದಿಯುವ ನೀರು ಮೊಗೆದು ನಳಿಗೆಗೆ ಸುರಿಯುತ್ತಿದ್ದರಂತೆ. ಅದೇ ಸರಿ. ಬಿಸಿನೀರಿನಿಂದ ನಳಿಗೆಯೂ ಕಾಯುತ್ತದೆ, ಕಾದದ್ದು ಬೇಗ ಒಣಗುತ್ತದೆ. ಒಣಗಿದ ಮೇಲೆ ಎಣ್ಣೆ. ಖರ್ಚು ನಾಲ್ಕು ತುಂಡು ಸೌದೆ.

ಇಷ್ಟೆಲ್ಲ ಆದ ಮೇಲೆ ಜೋಡಿಸಿಡುವ ಪ್ರಶ್ನೆ ಬಂತು. ಗೋದಾಮಿನ ಪಕ್ಕದ ಕೋಣೆಯಲ್ಲಿ ಹಲಸಿನ ಮರದ ಹಳೆಯ ಮೇಜು ಇದೆ. ಮೊದಲು ಕಿಟ್ಟಿನ ಪೆಟ್ಟಿಗೆಯಲ್ಲೇ ಎಲ್ಲ ಇಟ್ಟು ನೋಡಿದೆ. ಒಳಗಿನ ಸ್ಪಂಜು ಎಣ್ಣೆ, ನೀರು ಎರಡನ್ನೂ ಕುಡಿದು ಎರಡು ತಿಂಗಳಲ್ಲಿ ಬೂಸ್ಟು ಹಿಡಿಯಿತು. ಆಮೇಲೆ ಮೀನು ಹಿಡಿಯುವವರ ಗಾಳದ ಪೆಟ್ಟಿಗೆ ತಂದೆ. ಖಾನೆಗಳು ಚೆನ್ನಾಗಿವೆ, ಆದರೆ ಗಜ ಹಿಡಿಸುವುದಿಲ್ಲ, ಗಜ ಮತ್ತೆ ಅಟ್ಟಕ್ಕೇ ಹೋಯಿತು. ಕೊನೆಗೆ ಗೋಡೆಗೆ ಪ್ಲೈವುಡ್ ಹಲಗೆ ಹೊಡೆದೆ. ಗಜ ನೇರವಾಗಿ ನೇತಾಡಲು ಒಂದು ಪಿವಿಸಿ ಪೈಪು, ಕೆಳಗೆ ಬೂಚು. ಧೂಳೂ ಕೂರುವುದಿಲ್ಲ, ಬಾಗುವುದೂ ಇಲ್ಲ.

ಬ್ರಷ್ಷು, ಚಿಂದಿ, ತುದಿಗಳನ್ನು ಸಾಮಾನಿನ ಜಾತಿ ನೋಡಿ ಜೋಡಿಸಿದ್ದು ನನ್ನ ಮೊದಲ ತಪ್ಪು. ಎಲ್ಲ ಬ್ರಷ್ಷು ಒಂದು ಡಬ್ಬಿ, ಎಲ್ಲ ಚಿಂದಿ ಒಂದು ಡಬ್ಬಿ. .22 ಒರೆಸಲು ನಾಲ್ಕು ಡಬ್ಬಿ ತೆರೆಯಬೇಕು. ಅದರ ಮೇಲೆ ಥ್ರೆಡ್ಡಿನ, ಅಂದರೆ ಬ್ರಷ್ಷನ್ನು ಗಜಕ್ಕೆ ತಿರುಗಿಸಿ ಕೂರಿಸುವ ತಿರುಪಿನ ಅಳತೆಯ, ಕಾಟ. ಅಮೆರಿಕದ ರೈಫಲ್ ಗಜದ್ದು 8-32, ಶಾಟ್‌ಗನ್‌ದು 5/16-27, ಹಳೆಯ ಬ್ರಿಟಿಷ್ ಗಜಗಳದ್ದು ಬೇರೆಯೇ. ಎರಡು ಸಲ ತಪ್ಪು ಬ್ರಷ್ ತಿರುಗಿಸಿ ಥ್ರೆಡ್ ಹಾಳು ಮಾಡಿದೆ. ಈಗ ಕೋವಿಗೊಂದು ಉಪ್ಪಿನಕಾಯಿ ಜಾಡಿ. ಕೆಂಪು ಟೇಪು .22, ಹಸಿರು 12 ಬೋರು, ಟೇಪಿಲ್ಲದ್ದು ಕೇಪಿನದ್ದು. ಒಂದು ಜಾಡಿ ಎತ್ತಿಕೊಂಡರೆ ಆ ಕೋವಿಯದ್ದೆಲ್ಲ ಅದರಲ್ಲೇ. ಜಾಡಿ ಗಾಜಿನದ್ದೇ ಇರಲಿ, ಪ್ಲಾಸ್ಟಿಕ್ಕನ್ನು ಕೆಲವು ದ್ರಾವಣ ಕರಗಿಸುತ್ತವೆ.

ಮೇಜಿನ ಮೇಲೆ ತೋಟಾ ಇಡುವುದಿಲ್ಲ, ಒಂದೂ. ಕೋವಿ ಖಾಲಿ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ನೋಡಿ, ಆಮೇಲೆ ಮೇಜಿಗೆ. ಕಾಫಿ ಲೋಟವೂ ಅಲ್ಲಿ ಬೇಡ. ಸೀಸದ ಮಸಿ ಕೈಯಿಂದ ಲೋಟಕ್ಕೆ, ಲೋಟದಿಂದ ಬಾಯಿಗೆ. ಕೊಡಗಿನವನಿಗೆ ಇದು ಪಾಲಿಸಲು ಅತಿ ಕಷ್ಟದ ನಿಯಮ. ಬಟ್ಟಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ಹರವಿ ಒಣಗಿಸಿ ಒಲೆಗೆ ಹಾಕುತ್ತೇನೆ.

ಕೋವಿ ಹಿಡಿದುಕೊಳ್ಳುವ ಸ್ಟ್ಯಾಂಡಿಗೆ ಅಂಗಡಿಯದ್ದು ಬೇಕಿಲ್ಲ. ಎರಡು ಹಲಗೆಯಲ್ಲಿ ವಿ ಆಕಾರ ಕೊರೆದು ಹಳೆಯ ಕಂಬಳಿ ಅಂಟಿಸಿದೆ, ಆಯಿತು. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಇದ್ದದ್ದು ಗುಲಾಬಿಯಾದರೆ ನೀರು ಕುಡಿದಿದೆ ಅಂತ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡಿಗೆಮನೆಗೆ ವಾಪಸ್ ಹೋಗಬಾರದು, ಹೋಗಿಲ್ಲ.

ರೈಫಲ್ ಇಡುತ್ತಿದ್ದ ಚರ್ಮದ ಚೀಲವನ್ನು ಮಾತ್ರ ಏನು ಮಾಡುವುದು ಗೊತ್ತಾಗಲಿಲ್ಲ. ಆ ಮೂರು ಬೆರಳಿನ ತುಕ್ಕನ್ನು ಅಷ್ಟು ಬೆಳೆಸಿದ್ದು ಅದೇ, ಒಳಗಿನ ಉಣ್ಣೆ ಇಡೀ ಮಳೆಗಾಲವನ್ನು ಹೀರಿಕೊಂಡು ಕೂರುತ್ತದೆ. ಬಿಸಾಡಲು ಅಪ್ಪ ಬಿಡಲಿಲ್ಲ. ಈಗ ಬಾಗಿಲ ಹಿಂದೆ ನೇತಾಡುತ್ತಿದೆ, ಅಮ್ಮ ಅದರಲ್ಲಿ ಛತ್ರಿ ಇಡುತ್ತಾರೆ.