ಬೆಕ್ಕಿನ ಒಣ ಆಹಾರ: ಮೂರು ಬಗೆ, ಕಾಸರಗೋಡಿನ ಮನೆಗಳ ಲೆಕ್ಕ

ಕುಂಬಳೆಯಾಗಲಿ, ಉಪ್ಪಳವಾಗಲಿ, ಬದಿಯಡ್ಕವಾಗಲಿ, ಬೆಕ್ಕಿನ ಒಣ ಆಹಾರ ಕೊಳ್ಳಲು ಹೋದವರ ಕಣ್ಣು ಮೊದಲು ಹೋಗುವುದು ಪ್ಯಾಕೆಟ್ಟಿನ ಮುಂಭಾಗಕ್ಕೆ. ಬಂಗುಡೆಯ ಚಿತ್ರವಿದ್ದರೆ ಒಳಗೂ ಬಂಗುಡೆಯೇ ತುಂಬಿದೆ ಎಂದು ನಂಬುತ್ತಾರೆ. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಮಾದರಿ ನಿಯಮದಲ್ಲಿ ‘ಫ್ಲೇವರ್’ ಎಂದು ಹೆಸರಿಸಿದ ಆಹಾರಕ್ಕೆ ಆ ಮೀನು ಇಷ್ಟು ಶೇಕಡಾ ಇರಲೇಬೇಕೆಂಬ ಕಟ್ಟಳೆ ಇಲ್ಲ, ರುಚಿ ಗೊತ್ತಾಗುವಷ್ಟಿದ್ದರೆ ಸಾಕು. ಹಾಗಾಗಿ ಚಿತ್ರ ಬಿಟ್ಟು ಪ್ಯಾಕೆಟ್ ತಿರುಗಿಸಿ ಹಿಂಭಾಗ ಓದಬೇಕು. ಓದಲು ಎರಡೇ ಜಾಗ: ಘಟಕಗಳ ಪಟ್ಟಿಯ ಮೊದಲ ಮೂರು ಹೆಸರು, ಮತ್ತು ಪ್ರೋಟೀನ್, ಕೊಬ್ಬು, ನಾರು, ತೇವಾಂಶಗಳ ಶೇಕಡಾ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ವಿಸ್ಕಾಸ್, ಮಿ-ಓ, ಡ್ರೂಲ್ಸ್, ಪ್ಯೂರ್‌ಪೆಟ್. ರಾಯಲ್ ಕ್ಯಾನಿನ್, ಫಾರ್ಮಿನಾದಂಥವು ಬೇಕಾದರೆ ಮಂಗಳೂರಿಗೋ ಆನ್‌ಲೈನಿಗೋ ಹೋಗುವವರೇ ಹೆಚ್ಚು. ಆದರೆ ಹೆಸರಿಗಿಂತ ಬಗೆ ಮುಖ್ಯ, ಏಕೆಂದರೆ ಒಂದೇ ಕಂಪೆನಿ ಎರಡು ಮೂರು ದರ್ಜೆಯ ಆಹಾರ ಮಾಡುತ್ತದೆ. ವಿಸ್ಕಾಸ್ ಮತ್ತು ರಾಯಲ್ ಕ್ಯಾನಿನ್ ಎರಡೂ ಮಾರ್ಸ್ ಕಂಪೆನಿಯವೇ.

ಮೊದಲ ಬಗೆಯಲ್ಲಿ ಪಟ್ಟಿ ಶುರುವಾಗುವುದೇ ಮೆಕ್ಕೆಜೋಳ, ಅಕ್ಕಿ, ಗೋಧಿಯಂಥ ಧಾನ್ಯದಿಂದ. ಪ್ರೋಟೀನ್ ಶೇ. 30ರ ಆಸುಪಾಸು, ಕೊಬ್ಬು 9–10. ಎರಡನೆಯದರಲ್ಲಿ ಮೊದಲ ಹೆಸರು ಕೋಳಿ ಅಥವಾ ಒಣಗಿಸಿದ ಕೋಳಿ ಪ್ರೋಟೀನ್, ಧಾನ್ಯ ಅದರ ನಂತರ. ಪ್ರೋಟೀನ್ 32ರಿಂದ 36, ಕೊಬ್ಬು 15 ಅಥವಾ ತುಸು ಮೇಲೆ. ಮೂರನೆಯದು ಧಾನ್ಯರಹಿತ: ಪ್ರೋಟೀನ್ 40 ದಾಟುತ್ತದೆ, ಕೊಬ್ಬು 18–20. ಧಾನ್ಯರಹಿತ ಅಂದರೆ ಪಿಷ್ಟವೇ ಇಲ್ಲ ಎಂದಲ್ಲ. ಯಂತ್ರದಲ್ಲಿ ಒತ್ತಿ ಉಬ್ಬಿಸಿದ ಕಾಳು ಉದುರದೆ ನಿಲ್ಲಬೇಕಾದರೆ ಪಿಷ್ಟ ಬೇಕೇ ಬೇಕು. ಇಲ್ಲಿ ಅದು ಆಲೂಗಡ್ಡೆ, ಬಟಾಣಿ, ಕುಂಬಳಕಾಯಿಯ ರೂಪದಲ್ಲಿ ಬರುತ್ತದೆ.

ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಪಿಷ್ಟದ ಅಂಕಿ ಬರೆದಿರುವುದಿಲ್ಲ, ನಾವೇ ತೆಗೆಯಬೇಕು. ಪ್ರೋಟೀನ್ 30, ಕೊಬ್ಬು 10, ನಾರು 5, ತೇವಾಂಶ 10, ಬೂದಿ (ಆಹಾರ ಸುಟ್ಟ ಮೇಲೆ ಉಳಿಯುವ ಖನಿಜಾಂಶ) ಬರೆದಿರದಿದ್ದರೆ ಅಂದಾಜು 8 ಎಂದು ಹಿಡಿದು ಕೂಡಿದರೆ 63. ನೂರರಲ್ಲಿ ಕಳೆದರೆ ಪಿಷ್ಟ 37. ಈಗ ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಮಿಗೆ ಸುಮಾರು 320 ಕ್ಯಾಲರಿ. ಎರಡನೆಯ ಬಗೆಗೆ ಇದೇ ಲೆಕ್ಕ ಹಾಕಿದರೆ ಸುಮಾರು 360, ಧಾನ್ಯರಹಿತಕ್ಕೆ ಸುಮಾರು 385.

ಸಂತಾನಹರಣ ಆಪರೇಷನ್ ಆದ 4 ಕಿಲೋ ತೂಕದ ಮನೆಬೆಕ್ಕಿಗೆ ದಿನಕ್ಕೆ ಬೇಕಾದದ್ದು ಅಂದಾಜು 240 ಕ್ಯಾಲರಿ. ಅಂದರೆ ಮೊದಲ ಬಗೆಯಲ್ಲಿ 75 ಗ್ರಾಂ, ಎರಡನೆಯದರಲ್ಲಿ 67, ಮೂರನೆಯದರಲ್ಲಿ 62. ದುಬಾರಿ ಆಹಾರ ಮಾರುವವರು ಹೇಳುವ ಒಂದು ಮಾತಿದೆ: “ಇದನ್ನು ಕಡಿಮೆ ಹಾಕಿದರೆ ಸಾಕು, ಕೊನೆಗೆ ಖರ್ಚು ಒಂದೇ.” ಲೆಕ್ಕ ಹಾಗೆ ಹೇಳುವುದಿಲ್ಲ. ಕಿಲೋ ದರ 350, 800, 1200 ರೂಪಾಯಿ ಎಂದು ಇಟ್ಟುಕೊಂಡರೆ ದಿನದ ಖರ್ಚು ಕ್ರಮವಾಗಿ 26, 53, 74 ರೂಪಾಯಿ. ನಿಮ್ಮ ಅಂಗಡಿಯ ದರ ಹಾಕಿ ನೋಡಿ, ಅಂತರ ತುಸು ಕುಗ್ಗಬಹುದು, ಅಳಿಸಿಹೋಗುವುದಿಲ್ಲ. ಆದ್ದರಿಂದ ಹೆಚ್ಚು ಕೊಡುವ ಹಣಕ್ಕೆ ಬೇರೆ ಏನು ಸಿಗುತ್ತದೆ ಎಂದು ನೋಡಬೇಕು.

ಮೂರನ್ನೂ ಹಾಕಿ ನೋಡಿದಾಗ ಮೊದಲು ಕಾಣುವ ವ್ಯತ್ಯಾಸ ಮಲದಲ್ಲಿ. ಧಾನ್ಯ ಮೊದಲಿರುವ ಆಹಾರದಲ್ಲಿ ಮಲದ ಪ್ರಮಾಣ ಹೆಚ್ಚು, ಮೆತ್ತಗೆ, ಮಣ್ಣುಬಣ್ಣ. ಕೋಳಿ ಮೊದಲಿರುವುದರಲ್ಲಿ ಕಡಿಮೆ, ಗಟ್ಟಿ, ಗಾಢ ಬಣ್ಣ, ವಾಸನೆಯೂ ಇಳಿಯುತ್ತದೆ. ಬೆಕ್ಕು ಅಡಕೆ ತೋಟಕ್ಕೆ ಹೋಗಿ ಮಣ್ಣು ಕೆರೆದು ಮುಚ್ಚಿ ಬರುವ ಮನೆಯಲ್ಲಿ ಇದು ಲೆಕ್ಕಕ್ಕೇ ಬಾರದು. ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿ ಲಿಟ್ಟರ್ ತಟ್ಟೆ ಇಟ್ಟವರಿಗೆ ದಿನಾ ಗೊತ್ತಾಗುವ ವ್ಯತ್ಯಾಸ. ಎರಡನೆಯದು ಕೂದಲಿನ ಹೊಳಪು. ಇದಕ್ಕೆ ಆರರಿಂದ ಎಂಟು ವಾರ ಕಾಯಬೇಕು, ಅದಕ್ಕಿಂತ ಮೊದಲು ‘ಹೊಳಪು ಬಂತು’ ಎಂದರೆ ನಂಬಬೇಡಿ. ಮೂರನೆಯದು ತೂಕ, ಮತ್ತು ಇಲ್ಲಿ ದುಬಾರಿಯದ್ದೇ ಹೆಚ್ಚು ತೊಂದರೆ ಕೊಡುತ್ತದೆ. ಹಳೆಯ ಆಹಾರಕ್ಕೆ ಬಳಸುತ್ತಿದ್ದ ಲೋಟದಲ್ಲೇ ಧಾನ್ಯರಹಿತವನ್ನೂ ಅಳೆದು ಹಾಕಿದರೆ ದಿನಕ್ಕೆ ಐದರಲ್ಲಿ ಒಂದು ಪಾಲು ಹೆಚ್ಚು ಕ್ಯಾಲರಿ ಹೋಗುತ್ತದೆ. ಆಪರೇಷನ್ ಆಗಿ ಮನೆಯೊಳಗೇ ಮಲಗಿರುವ ಬೆಕ್ಕು ಕೆಲವೇ ತಿಂಗಳಲ್ಲಿ ಹೊಟ್ಟೆ ಜೋತುಬಿದ್ದು ನಿಲ್ಲುತ್ತದೆ. ಲೋಟ ಬಿಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಹಿಡಿಯಿರಿ.

ಬಣ್ಣಬಣ್ಣದ, ಮೀನಿನ ಆಕಾರದ ಕಾಳು ಇರುವುದು ಕೊಳ್ಳುವವರ ಕಣ್ಣಿಗಾಗಿ. ಬೆಕ್ಕು ಆರಿಸುವುದು ವಾಸನೆಯಿಂದ, ಮತ್ತು ಕಾಳಿನ ಮೇಲೆ ಸವರಿದ ಕೊಬ್ಬಿನಿಂದ. ಸಿಹಿ ಅದಕ್ಕೆ ತಿಳಿಯುವುದೇ ಇಲ್ಲ, ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ತೋರಿಸಿದ್ದಾರೆ.

ಇನ್ನು ನಮ್ಮ ಮನೆಗಳ ವಿಷಯ. ದಿನಕ್ಕೆ ಎಷ್ಟು ಹಾಕಬೇಕೆಂದು ಪ್ಯಾಕೆಟ್ಟಿನ ಹಿಂದಿರುವ ಕೋಷ್ಟಕ ಬರೆದದ್ದು ಬೇರೇನನ್ನೂ ತಿನ್ನದ ಬೆಕ್ಕಿಗೆ. ಇಲ್ಲಿ ಅಂಥ ಬೆಕ್ಕು ಅಪರೂಪ.

ಹವ್ಯಕ, ಕರಾಡರಂಥ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮಜ್ಜಿಗೆ ಅನ್ನ ರೂಢಿ. ಅಟ್ಟದ ಇಲಿ ಸಿಕ್ಕಿದ ದಿನ ಮಾಂಸ, ಇಲ್ಲದ ದಿನ ಅನ್ನ. ಇಂಥ ಮನೆಗಳಿಗೆ ಒಣ ಆಹಾರ ನಿಜವಾದ ಅನುಕೂಲ. ಅಡುಗೆಮನೆಗೆ ಮೀನು ತರಬೇಕಿಲ್ಲ, ಜಗಲಿಯಲ್ಲಿ ಬೇರೆ ಡಬ್ಬಿ, ಬೇರೆ ಚಮಚ ಇಟ್ಟರೆ ಮುಗಿಯಿತು. ಆದರೆ ಅನ್ನದ ಜೊತೆ ಎಷ್ಟು ಬೆರೆಸಬೇಕು ಎಂಬಲ್ಲಿ ಎಡವುತ್ತಾರೆ. ಆಫ್ಕೋ ಮಾನದಂಡದಂತೆ 240 ಕ್ಯಾಲರಿ ತಿನ್ನುವ ಬೆಕ್ಕಿಗೆ ದಿನಕ್ಕೆ ಕನಿಷ್ಠ 15–16 ಗ್ರಾಂ ಪ್ರೋಟೀನ್ ಬೇಕು. ಶೇ. 30ರ ಆಹಾರ 75 ಗ್ರಾಂ ಪೂರ್ತಿ ತಿಂದರೆ 22 ಗ್ರಾಂ ಸಿಗುತ್ತದೆ, ಧಾರಾಳ. ಹೊಟ್ಟೆಯ ಕಾಲು ಪಾಲು ಅನ್ನದಿಂದ ತುಂಬಿಸಿದರೂ 56 ಗ್ರಾಮಿನಿಂದ 17 ಗ್ರಾಂ ಬರುತ್ತದೆ, ನಡೆಯುತ್ತದೆ. ಅರ್ಧಕ್ಕರ್ಧ ಅನ್ನವಾದರೆ 11ಕ್ಕೆ ಇಳಿಯುತ್ತದೆ. ಆಗ ಧಾನ್ಯರಹಿತದ ದುಬಾರಿ ಪ್ಯಾಕೆಟ್ ತಂದರೂ ಹನ್ನೆರಡೂವರೆ ಹದಿಮೂರರ ಆಸುಪಾಸಿಗೇ ನಿಲ್ಲುತ್ತದೆ. ಅಂದರೆ ಅರ್ಧ ಅನ್ನದ ಕೊರತೆಯನ್ನು ಯಾವ ಬ್ರ್ಯಾಂಡೂ ತುಂಬಿಕೊಡುವುದಿಲ್ಲ. ಅಗ್ಗದ್ದನ್ನೇ ತಂದು ಅನ್ನ ಕಡಿಮೆ ಮಾಡುವುದು ಜಾಣತನ.

ಟಾರಿನ್ ಪಾಲೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಇದು ಮಾಂಸ, ಮೀನಿನಲ್ಲಿ ಮಾತ್ರ ಸಾಕಷ್ಟಿರುವ ಅಮೈನೋ ಆಮ್ಲ, ಬೆಕ್ಕು ತನಗೆ ಬೇಕಾದಷ್ಟನ್ನು ಒಳಗೇ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಹೃದಯದ ಈ ಸಂಬಂಧ 1987ರಲ್ಲಿ ಖಚಿತವಾದ ಮೇಲೆ ಕಂಪೆನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಒಣ ಆಹಾರದಲ್ಲಿ ಕನಿಷ್ಠ ಶೇ. 0.1 ಇರಬೇಕು, ಪ್ಯಾಕೆಟ್ಟಿನಲ್ಲಿ ಆ ಹೆಸರು ಕಾಣದಿದ್ದರೆ ಕೆಳಗಿಡಿ. ನಾಯಿಯ ಆಹಾರವನ್ನು ಬೆಕ್ಕಿಗೂ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ನಾಯಿಗೆ ಟಾರಿನ್ ಹೊರಗಿನಿಂದ ಕಡ್ಡಾಯವಲ್ಲ, ಪ್ರೋಟೀನೂ ಕಡಿಮೆ ಸಾಕು, ಹಾಗಾಗಿ ಅದು ಬೆಕ್ಕಿಗೆ ಆಗಿಬರುವುದಿಲ್ಲ. ಮಾಂಸವೇ ಇಲ್ಲದ ಬೆಕ್ಕಿನ ಆಹಾರ ಸಿಗಬಹುದೇ ಎಂದು ಕೇಳುವವರಿಗೂ ಉತ್ತರ ಒಂದೇ: ಬೆಕ್ಕಿನ ದೇಹ ಅದಕ್ಕೆ ಒಗ್ಗದು.

ಮೀನು ತಿನ್ನುವ ಮನೆಗಳ ತೊಂದರೆ ಇದರ ತಿರುವುಮುರುವು. ಅಲ್ಲಿ ಬೆಕ್ಕಿಗೆ ಬೂತಾಯಿಯ ತಲೆ, ಬಂಗುಡೆಯ ಕರುಳು ಯಥೇಚ್ಛ. ಪ್ರೋಟೀನಿಗೆ ಬರವಿಲ್ಲದ್ದರಿಂದ ದುಬಾರಿ ಆಹಾರದ ಅಗತ್ಯವೇ ಇಲ್ಲ, ಧಾನ್ಯ ಮೊದಲಿರುವ ಸಾಧಾರಣ ಆಹಾರ ಸಾಕು. ಅದರಲ್ಲಿ ಬೆರೆಸಿರುವ ವಿಟಮಿನ್ ಇ ಇಲ್ಲಿ ಮುಖ್ಯ: ಎಣ್ಣೆಯಂಶದ ಮೀನನ್ನೇ ದಿನವೂ ತಿಂದು ವಿಟಮಿನ್ ಇ ಸಾಲದಾದರೆ ಚರ್ಮದಡಿಯ ಕೊಬ್ಬು ಹಳದಿಯಾಗಿ ಗಂಟುಕಟ್ಟಿ, ಮುಟ್ಟಿದರೆ ನೋವೆಂದು ಬೆಕ್ಕು ಕೂಗುತ್ತದೆ. ಒಣ ಆಹಾರದ ಮೇಲೆ ಕೊಡುವ ಮೀನು ದಿನದ ಕ್ಯಾಲರಿಯ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಬೂತಾಯಿಯಾದರೆ 12–15 ಗ್ರಾಂ ಮಾಂಸ, ಬೇಯಿಸಿದ್ದು, ಮುಳ್ಳು ತೆಗೆದದ್ದು. ಗಸಿಯಲ್ಲಿ ಬೆಂದ ತುಂಡು ಬೇಡ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ತೊಳೆದರೂ ರಸ ಹೋಗುವುದಿಲ್ಲ.

ಮರಿಗಳಿಗೆ ‘ಕಿಟನ್’ ಎಂದು ಬರೆದದ್ದೇ ಬೇಕು, ಒಂದು ವರ್ಷದವರೆಗೆ. ಆಫ್ಕೋ ಮಾನದಂಡದಲ್ಲಿ ದೊಡ್ಡ ಬೆಕ್ಕಿಗೆ ತೇವಾಂಶ ಕಳೆದು ಶೇ. 26 ಪ್ರೋಟೀನ್ ಸಾಕು, ಬೆಳೆಯುವ ಮರಿಗೆ 30. ಒಂದು ಕಿಲೋ ತೂಕದ ಮರಿಗೆ ದಿನಕ್ಕೆ 45 ಗ್ರಾಮಿನಷ್ಟು, ನಾಲ್ಕು ಸಲಕ್ಕೆ ಹಂಚಿ. ಹಣ ಹಾಕುವುದಿದ್ದರೆ ಈ ವಯಸ್ಸಿನಲ್ಲಿ ಎರಡನೆಯ ಬಗೆಗೆ ಹಾಕಿ, ದೊಡ್ಡದಾದ ಮೇಲೆ ಇಳಿಸಬಹುದು.

ಮೂರೂ ಬಗೆಗಳಿಗೆ ಸಮಾನವಾದ ಕೊರತೆ ನೀರು. 4 ಕಿಲೋ ಬೆಕ್ಕಿಗೆ ದಿನಕ್ಕೆ ಒಟ್ಟು 200 ಮಿಲಿಲೀಟರ್ ನೀರು ಬೇಕು. ಬೇಯಿಸಿದ ಮೀನಿನಲ್ಲಿ ಬಹುಪಾಲು ನೀರೇ ಇರುತ್ತದೆ, ಒಣ ಕಾಳಿನಲ್ಲಿ ಹತ್ತರಲ್ಲಿ ಒಂದು ಪಾಲು. ಬೆಕ್ಕು ನೀರು ಕುಡಿದು ಸರಿದೂಗಿಸುತ್ತದೆ ಎಂದು ಬಿಟ್ಟರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟಬಹುದು. ಗಂಡು ಬೆಕ್ಕಿನ ಮೂತ್ರನಾಳ ಕಿರಿದು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಪದೇ ಪದೇ ಕುಳಿತು ತಿಣುಕಿದರೂ ಹನಿ ಬಾರದೆ, ಹಿಂಭಾಗ ನೆಕ್ಕುತ್ತ ಕೂಗುತ್ತಿದ್ದರೆ ಮಲಬದ್ಧತೆ ಎಂದು ಹರಳೆಣ್ಣೆ ಹಾಕುತ್ತ ಕೂರಬೇಡಿ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಅದೇ ಹೊತ್ತಿಗೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ತಡೆಯುವ ಸುಲಭ ದಾರಿ ಕಾಳು ನೆನೆಸುವುದು. ಕಾಳಿನಷ್ಟೇ ತೂಕದ ಉಗುರುಬೆಚ್ಚಗಿನ ನೀರು ಹಾಕಿ ಕಾಲು ಗಂಟೆ ಬಿಟ್ಟರೆ ಹಿಗ್ಗಿ ಮೆತ್ತಗಾಗುತ್ತದೆ, ವಾಸನೆಯೂ ಏಳುತ್ತದೆ. ನಮ್ಮ ಸೆಕೆಯಲ್ಲಿ ನೆನೆಸಿದ್ದನ್ನು ಒಂದು ಗಂಟೆಗಿಂತ ಹೆಚ್ಚು ಇಡಬಾರದು, ಉಳಿದದ್ದು ಎಸೆಯಿರಿ. ಧಾನ್ಯದ ಕಾಳು ಬೇಗ ನೆನೆದು ಹಿಟ್ಟಾಗುತ್ತದೆ, ಕೊಬ್ಬು ಹೆಚ್ಚಿರುವ ಕಾಳಿಗೆ ತುಸು ಹೆಚ್ಚು ಹೊತ್ತು ಬೇಕು. ನೀರಿನ ಬಟ್ಟಲನ್ನು ಊಟದ ಬಟ್ಟಲಿನಿಂದ ದೂರ, ಎರಡು ಮೂರು ಕಡೆ ಇಡಿ. ಗೆರಟೆಯಲ್ಲಿ ಹಾಕುವ ಅಭ್ಯಾಸ ಬಿಡಿ. ಕಾಳಿನ ಜಿಡ್ಡು ಅದರ ನಾರಿನೊಳಗೆ ಇಳಿದು ಕಮಟುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ನಾಲ್ಕು ದಿನದಲ್ಲಿ ಬೆಕ್ಕು ಮೂಸಿ ದೂರ ಸರಿಯುತ್ತದೆ. ಅಗಲವಾದ ಸ್ಟೀಲ್ ತಟ್ಟೆ ಒಳ್ಳೆಯದು.

ಜೂನ್ ಬಂತೆಂದರೆ ಆಯ್ಕೆಯ ಲೆಕ್ಕವೇ ಬದಲಾಗುತ್ತದೆ. ತೆರೆದ ಕಾಳು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮೇಲೆ ಸವರಿದ ಕೊಬ್ಬು ಗಾಳಿ ತಾಗಿ ಕಮಟುತ್ತದೆ, ಕೊಬ್ಬು ಹೆಚ್ಚಿದ್ದಷ್ಟೂ ಬೇಗ. ಹಾಗಾಗಿ ಮಳೆಗಾಲದಲ್ಲಿ ಧಾನ್ಯರಹಿತದ ದೊಡ್ಡ ಚೀಲ ಎಲ್ಲಕ್ಕಿಂತ ಕೆಟ್ಟ ಖರೀದಿ. ದಿನಕ್ಕೆ 65 ಗ್ರಾಂ ತಿನ್ನುವ ಒಂದು ಬೆಕ್ಕಿಗೆ 1.2 ಕಿಲೋ ಪ್ಯಾಕೆಟ್ 18 ದಿನ, 3 ಕಿಲೋದ್ದು 46 ದಿನ, 7 ಕಿಲೋದ್ದು 107 ದಿನ. ತೆರೆದ ಚೀಲ ಬೇಸಿಗೆಯಲ್ಲಿ ಆರು ವಾರ, ಮಳೆಗಾಲದಲ್ಲಿ ನಾಲ್ಕು ವಾರದೊಳಗೆ ಮುಗಿಯಬೇಕು. ಒಂದೇ ಬೆಕ್ಕಿದ್ದವರಿಗೆ 7 ಕಿಲೋ ಚೀಲದ ರಿಯಾಯಿತಿ ಲಾಭವಲ್ಲ, ನಾಲ್ಕು ಬೆಕ್ಕಿದ್ದರೆ ಸರಿಹೋಗುತ್ತದೆ. ಚೀಲ ಕತ್ತರಿಸಿ ಕಾಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ಚೀಲದ ಬಾಯಿ ಸುತ್ತಿ ಕ್ಲಿಪ್ ಹಾಕಿ, ಚೀಲ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಕೈಗೆ ಸಿಗುತ್ತವೆ, ಹಳೆಯ ಜಿಡ್ಡಿನ ಮೇಲೆ ಹೊಸ ಕಾಳು ಬೀಳುವುದಿಲ್ಲ. ಚೀಲ ಬಿಚ್ಚಿ ಚಿಲ್ಲರೆಯಾಗಿ ತೂಗಿ ಕೊಡುವ ಕಾಳು ಯಾವ ಬಗೆಯದಾದರೂ ಬೇಡ, ಅದು ತೆರೆದು ಎಷ್ಟು ದಿನವಾಯಿತು ಎಂದು ತಿಳಿಯಲು ದಾರಿಯಿಲ್ಲ.

ಇರುವೆಗೆ ತಟ್ಟೆಯೊಳಗೆ ನೀರು, ನೀರಿನ ನಡುವೆ ಬಟ್ಟಲು, ಇಷ್ಟೇ ಸಾಕು. ಇರುವೆ ಚಾಕ್, ಇರುವೆ ಪುಡಿಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ವಿಷವನ್ನು ಬೆಕ್ಕಿನ ಯಕೃತ್ತು ಬೇಗ ಕಳೆಯಲಾರದು. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ನಡುಕ, ಸೆಳವು ಬರಬಹುದು.

ಹಾಗಾದರೆ ಯಾವುದು ಕೊಳ್ಳಬೇಕು? ಮೀನಿನ ಮನೆಗೆ, ತೋಟ ಸುತ್ತುವ ಬೆಕ್ಕಿಗೆ ಮೊದಲ ಬಗೆ. ಸಸ್ಯಾಹಾರಿ ಮನೆಗೂ ಅದೇ, ಅನ್ನ ಕಾಲು ಪಾಲು ಮೀರದಿದ್ದರೆ. ಮರಿಗೆ, ಬಸುರಿ ಬೆಕ್ಕಿಗೆ, ಫ್ಲ್ಯಾಟಿನ ಬೆಕ್ಕಿಗೆ ಎರಡನೆಯದು. ಒಮ್ಮೆ ಮೂತ್ರ ಕಟ್ಟಿದ ಗಂಡಿಗೆ ಈ ಮೂರರಲ್ಲಿ ಯಾವುದೂ ಅಲ್ಲ, ವೈದ್ಯರು ಬರೆದುಕೊಟ್ಟ ಮೂತ್ರಕೋಶದ ಆಹಾರವೇ ಬೇಕು. ಮೂರನೆಯದನ್ನು ತೂಗಿ ಹಾಕುವ ತಾಳ್ಮೆಯೂ ಹಣವೂ ಇದ್ದವರು ಹಾಕಲಿ, ಅದಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ.

ಬದಲಿಸುವಾಗ ಅವಸರ ಬೇಡ. ಮೊದಲ ಮೂರು ದಿನ ಕಾಲು ಪಾಲು ಹೊಸದು, ಮತ್ತೆ ಮೂರು ದಿನ ಅರ್ಧ, ಮತ್ತೆ ಮೂರು ದಿನ ಮುಕ್ಕಾಲು, ಹತ್ತನೇ ದಿನಕ್ಕೆ ಪೂರ್ತಿ. ಮಲ ನೀರಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ನಿಲ್ಲಿ. ‘ಹಸಿವಾದರೆ ತಾನೇ ತಿನ್ನುತ್ತದೆ’ ಎಂದು ಉಪವಾಸ ಕೆಡವುವುದು ನಾಯಿಗೆ ನಡೆದೀತು, ಬೆಕ್ಕಿಗೆ ನಡೆಯದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ. ಹೊಸದನ್ನು ಮೂಸಿಯೂ ನೋಡದಿದ್ದರೆ ಬೂತಾಯಿ ಬೇಯಿಸಿದ ಉಪ್ಪಿಲ್ಲದ ನೀರು ಒಂದು ಚಮಚ ಚಿಮುಕಿಸಿ. ಸಸ್ಯಾಹಾರಿ ಮನೆಯಲ್ಲಾದರೆ ಬರೀ ಬೆಚ್ಚಗಿನ ನೀರು. ಅದಕ್ಕೂ ಒಪ್ಪದೆ ಇಡೀ ಒಂದು ದಿನ ಬಟ್ಟಲು ಹಾಗೇ ಉಳಿದರೆ ಹಳೆಯ ಆಹಾರವನ್ನೇ ಹಾಕಿ ಹೊಟ್ಟೆ ತುಂಬಿಸಿ, ವಾರ ಬಿಟ್ಟು ಹತ್ತರಲ್ಲಿ ಒಂದು ಪಾಲಿನಿಂದ ಮತ್ತೆ ಶುರುಮಾಡಿ.